ಗೂಟ ಇಳಿಯಿತು, ಫೋಕಸ್ ಏರಿತು

2017ರ ಮೇ 1ನೇ ತಾರೀಖಿಗೆ ಮಂತ್ರಿಮಹೋದಯರ ಕಾರಿನ ನೆತ್ತಿಯ ಮೇಲಿದ್ದ ಕೆಂಪು ಗೂಟ ಇಳಿಯಿತು. ಗೂಟದ ಕಾರಿನ ಕನಸು ಕಂಡು ಹೊಲ ಮಾರಿ ಚುನಾವಣೆಗೆ ನಿಂತವರಿಗೆ ಅವತ್ತು ಊಟ ಸೇರಿರಲಿಕ್ಕಿಲ್ಲ. ಆದರೆ ನೆತ್ತಿಯ ಮೇಲೆ ದೀಪ ಹೊತ್ತು ತಿರುಗುವ ಆಸೆ ದಿಲ್ಲಿಯ ಆದೇಶಕ್ಕೆ ಹೆದರಿ ಸಾಯುವಂಥದ್ದೇ? ಅದು ಮಂತ್ರಿಯ ಕಾರಿನಿಂದ ಜಿಗಿದು ಸೀದಾ ಬೊಲೆರೊ ಪಿಕಪ್ಪಿನ ಟಾಪಿನ ಮೇಲೆ ಬಂದು ಕೂತಿತು. ಪಾಪ, ಮಂತ್ರಿಗೆ ಇದ್ದದ್ದು ಒಂದೇ ಗೂಟ. ನಮ್ಮ ಭಾಲ್ಕಿ, ಔರಾದ ಕಡೆಯ ಪಿಕಪ್ಪಿನವನಿಗೆ ಉದ್ದಕ್ಕೆ ಒಂದು ಎಲ್‌ಇಡಿ ಬಾರ್, ಅದರ ಎರಡೂ ಬದಿಗೆ ಚೌಕ ಫೋಕಸು, ಕ್ಯಾರಿಯರಿನ ಅಂಚಿಗೆ ಝಗಝಗ ನೀಲಿ ಪಟ್ಟಿ. ಯಾವ ಮಂತ್ರಿಮಂಡಲದಲ್ಲೂ ಇಂಥ ಖಾತೆ ಇಲ್ಲ.

ಬೀದರಿನ ನೌಬಾದ ದಾಟಿ ಊರ ಹೊರಗಿನ ಛಾ ಅಂಗಡಿಯಲ್ಲಿ ರಾತ್ರಿ ಎಂಟರ ಸುಮಾರಿಗೆ ಕೂತು ನೋಡಬೇಕು. ದೂರದಲ್ಲಿ ಒಂದು ಬೆಳಕು ಏಳುತ್ತದೆ. ಹೈದರಾಬಾದಿನ ಬಸ್ಸೋ, ಮದುವೆಯ ಬಾರಾತೋ, ಏರ್‌ಫೋರ್ಸಿನವರ ವಿಮಾನವೇ ದಾರಿ ತಪ್ಪಿ ರಸ್ತೆಗೆ ಇಳಿಯಿತೋ ಎಂದು ಅಂಗಡಿಯವನೂ ನಾವೂ ಕಣ್ಣಿಗೆ ಕೈ ಅಡ್ಡ ಹಿಡಿದು ಚರ್ಚೆ ಮಾಡುತ್ತೇವೆ. ಸದ್ದು ಹತ್ತಿರವಾಗುತ್ತದೆ, ಬೆಳಕು ಮುಖ ತೊಳೆದು ಮುಂದೆ ಹೋಗುತ್ತದೆ. ಕಣ್ಣು ತಿಳಿಯಾದ ಮೇಲೆ ನೋಡಿದರೆ ಹಿಂದೆ ಎರಡು ಆಡು, ಒಂದು ಹೊರೆ ಮೇವು, ಅದರ ಮೇಲೆ ಮಫ್ಲರ್ ಸುತ್ತಿಕೊಂಡ ಒಬ್ಬ ಮುದುಕ. ಎರಡು ಆಡಿಗೆ ಇಷ್ಟು ಬೆಳಕು! ಆಡುಗಳಿಗೂ ಸ್ವಲ್ಪ ಸಂಕೋಚವಾದಂತೆ ಇರುತ್ತದೆ.

ನಮ್ಮ ಅಕ್ಕನ ಮಗ ಭಾಲ್ಕಿಯಲ್ಲಿ ಪಿಕಪ್ ಇಟ್ಟಿದ್ದಾನೆ. ಕೆಎ 39. ಹಿಂಬದಿಗೆ ಮರಾಠಿಯಲ್ಲಿ ತಾಯಿಯ ಆಶೀರ್ವಾದ, ಬಾಗಿಲಿಗೆ ಕನ್ನಡದಲ್ಲಿ ಬಸವಣ್ಣ, ಗಾಜಿನ ಮೇಲೆ ಗೆಳೆಯ ಬರೆದುಕೊಟ್ಟ ಉರ್ದು ಶಾಯರಿ. ಉದಗೀರಿಗೆ ಸೋಯಾಬೀನ್, ಜಹೀರಾಬಾದಿಗೆ ಕಾಯಿಪಲ್ಲೆ, ದೇಗಲೂರಿಗೆ ಸಿಕ್ಕ ಬಾಡಿಗೆ. ಮೂರು ರಾಜ್ಯ ತಿರುಗುವ ಗಾಡಿ, ಆದ್ದರಿಂದ ಎದುರಿನವರ ಬೈಗುಳವೂ ಮೂರು ಭಾಷೆಯಲ್ಲಿ ಬೀಳುತ್ತದೆ. ಟಾಪಿಗೆ ಲೈಟು ಹಾಕಿಸುತ್ತೇನೆ ಅಂದಾಗ ನಾನು ಸುಮ್ಮನಿರಲಾರದೆ ಕೇಳಿದೆ:

“ಮುಂದ ಕಂಪನಿಯವರು ಎರಡ ಕೊಟ್ಟಾರಲ್ಲೋ. ಅವೇನು ಬರೇ ಕಣ್ಣಿನ ಆಕಾರಕ್ಕ ಇಟ್ಟಾರೇನು?”

“ಮಾಮಾ, ನೀವು ಒಮ್ಮಿ ರಾತ್ರಿ ಔರಾದ ರೋಡಿಗೆ ಬರ್ರಿ. ಆಮ್ಯಾಲ ಮಾತಾಡ್ರಿ.”

ಅವನ ಮಾತಿನಲ್ಲಿ ಹುರುಳಿಲ್ಲ ಅನ್ನುವಂತಿಲ್ಲ. ಕಬ್ಬಿನ ಹಂಗಾಮು ಬಂತೆಂದರೆ ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರಾಲಿ, ಅದಕ್ಕೆ ಕೆಂಪು ದೀಪವೂ ಇಲ್ಲ, ರಿಫ್ಲೆಕ್ಟರೂ ಇಲ್ಲ. ಕಬ್ಬಿನ ರವದಿ ಗಾಜಿಗೆ ಬಡಿದಾಗಲೇ ಮುಂದೆ ಟ್ರಾಲಿ ಇದೆ ಎಂದು ಗೊತ್ತಾಗುವುದು. ಬಣ್ಣ ಬಳಿಯದ ಹಂಪು ಊರಿಗೊಂದು. ಕರೀ ಡಾಂಬರಿನ ಮೇಲೆ ಕರೀ ಎಮ್ಮೆ, ಅದೂ ಅಡ್ಡ ಮಲಗಿ ಮೆಲುಕು ಹಾಕುತ್ತ. ಜಿಂಕೆಗಳಂತೂ ಬೆಳಕು ಕಂಡರೆ ಓಡುವ ಬದಲು ನಿಂತು ನೋಡುತ್ತವೆ. ಇಷ್ಟೆಲ್ಲ ಇರುವಾಗ ಒಂದು ಹ್ಯಾಲೋಜನ್ ಬಲ್ಬಿನ 55 ವ್ಯಾಟ್ ಡಿಮ್ಮನ್ನು ನಂಬಿ ಕೌಠಾದ ಮಾಂಜ್ರಾ ಸೇತುವೆ ದಾಟು ಅನ್ನಲು ನಾನು ಯಾರು?

ಆದರೆ ಅವನು ಹೇಳದೆ ಬಿಟ್ಟ ಒಂದು ಮಾತಿದೆ. ಎಮ್ಮೆಗಿಂತ ಅವನಿಗೆ ಹೆಚ್ಚು ಕಾಟ ಎದುರಿನ ಪಿಕಪ್ಪಿನದು. ಎದುರಿನವನಿಗೂ ಟಾಪಿನ ಮೇಲೆ ಬಾರ್ ಇದೆ. ಅವನ ಬೆಳಕು ಇವನ ಕಣ್ಣು ಕುಕ್ಕಿತು, ಇವನು ಅದಕ್ಕಿಂತ ದೊಡ್ಡದು ಹಾಕಿಸಿದ, ಮೂರನೆಯವನು ಇವನದನ್ನು ನೋಡಿ ಎರಡು ಜೋಡಿ ತಂದ. ಲಾರಿಗಳ ಬೆನ್ನಿಗೆ ರಾತ್ರಿ ಡಿಪ್ಪರ್ ಹೊಡೆಯಿರಿ ಎಂದು ಬರೆದದ್ದು ಇನ್ನೂ ಇದೆ. ಮೊದಲು ಎದುರು ಗಾಡಿ ಬಂದಾಗ ಒಮ್ಮೆ ಡಿಪ್ ಹೊಡೆದರೆ ಅವನೂ ಹೊಡೆಯುತ್ತಿದ್ದ. ಅದೊಂದು ಶರಣು ಶರಣಾರ್ಥಿ. ಈಗ ಒಬ್ಬ ಡಿಪ್ ಹೊಡೆದರೆ ಮತ್ತೊಬ್ಬ ಟಾಪಿನ ಸ್ವಿಚ್ಚು ಒತ್ತುತ್ತಾನೆ. ಆಮೇಲೆ ಇಬ್ಬರೂ ಕಣ್ಣು ಮುಚ್ಚಿ, ಇಬ್ಬರೂ ಹಾರ್ನ್ ಒತ್ತಿ, ಇಬ್ಬರೂ ದೇವರ ಮೇಲೆ ಭಾರ ಹಾಕಿ ಸೇತುವೆ ದಾಟುತ್ತಾರೆ. ಇಡೀ ಹೊಳೆ ಹಗಲಿನಂತೆ ಬೆಳಗಿರುತ್ತದೆ, ನೋಡುವವರು ಮಾತ್ರ ಯಾರೂ ಇರುವುದಿಲ್ಲ.

ಅಂತೂ ಇವನು ಹಾಕಿಸಿದ. ಗಾಡಿಗಳಿಗೆ ಲೈಟು ಕೂಡಿಸುವ ಉಸ್ತಾದರ ಅಂಗಡಿಗೆ ನಾನೂ ಹೋಗಿದ್ದೆ, ಕೂಡಲು ಒಂದು ಹಳೇ ಟಯರ್ ಕೊಟ್ಟರು. ಉಸ್ತಾದ್ ಡಬ್ಬಿ ಬಿಚ್ಚಿದರು. ಮೇಲೆ 300 ವ್ಯಾಟ್ ಎಂದು ಕೊಬ್ಬಿದ ಅಕ್ಷರ. ನಾನು ಅಲ್ಲೇ ಮನಸ್ಸಿನಲ್ಲಿ ಭಾಗಿಸಿದೆ: 12 ವೋಲ್ಟಿನ ಬ್ಯಾಟರಿಗೆ 300 ವ್ಯಾಟ್ ಅಂದರೆ 25 ಆಂಪಿಯರ್. ಅಷ್ಟು ಎಳೆದರೆ ಈ ಎಳೆ ವಾಯರು ಉಳಿದೀತೇ ಎಂದು ಕೇಳಿದೆ. ಉಸ್ತಾದ್ ತಲೆ ಎತ್ತದೆ ಅಂದರು, “ಡಬ್ಬಿ ಮ್ಯಾಲಿಂದು ಓದಬ್ಯಾಡ್ರಿ ಸಾಹೇಬ್ರ. ಅದು ಬರ್ಕೊಂಡಿದ್ದು. ಇದು ಒಳಗ ಭಾಳ ಆದ್ರ ನೂರಾ ಇಪ್ಪತ್ತು.” ನೂರಿಪ್ಪತ್ತಕ್ಕೆ 10 ಆಂಪಿಯರ್. ಸಮಾಧಾನವಾಯಿತು. ಡಬ್ಬಿಯ ಸುಳ್ಳೇ ಗಾಡಿಯ ಆಯುಷ್ಯ ಉಳಿಸಿದ್ದು ಇದೇ ಮೊದಲೇನಲ್ಲವಂತೆ.

ಉಸ್ತಾದರ ಕೈ ನೋಡುವಂಥದ್ದು. ಬೆರಳಿನಷ್ಟು ದೊಡ್ಡ ರಿಲೇ, ಅದರ ಕಾಲುಗಳಿಗೆ ಇಡೀ ಜಗತ್ತಿನಲ್ಲಿ ಒಂದೇ ನಂಬರು: 30ಕ್ಕೆ ಬ್ಯಾಟರಿಯಿಂದ ಫ್ಯೂಜ್ ಹಾಯ್ದು ಬಂದ ದಪ್ಪ ವಾಯರು, 87ರಿಂದ ಮೇಲಿನ ಲೈಟಿಗೆ, 85 ಮತ್ತು 86ರ ನಡುವೆ ತಾಮ್ರದ ಸುರುಳಿ. ಡ್ಯಾಶ್‌ಬೋರ್ಡಿನ ಸ್ವಿಚ್ಚು ಆ ಸುರುಳಿಯನ್ನಷ್ಟೇ ಎಬ್ಬಿಸುತ್ತದೆ. ದೊಡ್ಡ ಕರೆಂಟು ಸ್ವಿಚ್ಚಿನ ಹತ್ತಿರ ಸುಳಿಯುವುದಿಲ್ಲ. ರಿಲೇ ಇಲ್ಲದೆ ಸೀದಾ ಜೋಡಿಸಿದವರ ಗಾಡಿಯಲ್ಲಿ ಮೊದಲು ಸ್ವಿಚ್ಚು ಬಿಸಿ, ಆಮೇಲೆ ವಾಸನೆ, ಆಮೇಲೆ ಹೊಗೆ. ರಿಲೇ ಹಾಕಿಸಿದರೆ ನಾಲ್ಕು ಕಾಸು ಹೆಚ್ಚಾಗುತ್ತದೆ ಎಂದು ಚೌಕಾಶಿ ಮಾಡುವ ಗಿರಾಕಿಗೆ ಉಸ್ತಾದ್ ಹೇಳುವುದು ಇಷ್ಟೇ: “ನೀರಿನ ಬಾಟ್ಲಿ ಬಾಜೂಕ ಇಟ್ಕೊಂಡು ಹೊಡೀರಿ.”

ಕ್ಲಾಂಪು ಹಾಕಿ ಮಳೆನೀರಿನ ಅಂಚಿಗೆ ಕಚ್ಚಿಸಬಹುದು, ತೂತು ಬೇಡ ಎಂದು ಉಸ್ತಾದರೇ ಹೇಳಿದರು. ಹುಡುಗನಿಗೆ ಅದು ಸೇರಲಿಲ್ಲ. ಕ್ಲಾಂಪು ಅಂದರೆ ಬಾಡಿಗೆಗೆ ತಂದಂತೆ ಕಾಣುತ್ತದಂತೆ, ತೂತು ಹೊಡೆದು ಬೋಲ್ಟು ಬಿಗಿದರೆ ಸ್ವಂತದ್ದು. ಡ್ರಿಲ್ ತಗಡಿಗೆ ತಾಗಿದ ಕೂಡಲೇ ಬಿಳಿ ಬಣ್ಣ ಸುರುಳಿ ಸುರುಳಿಯಾಗಿ ಎದ್ದು ಬಂತು, ತಗಡಿನ ಪುಡಿ ಗಾಜಿನ ಮೇಲೆ ಮಿಣಮಿಣ ಉದುರಿತು. ಸಿಲಿಕಾನ್ ಬಳಿದರು, ವಾಯರನ್ನು ಬಾಗಿಲ ಕಂಬದ ರಬ್ಬರಿನೊಳಗೆ ನುಗ್ಗಿಸಿ ಇಳಿಸಿದರು. ಮೊದಲ ಮಳೆಗೆ ಹನಿ ಬಿದ್ದದ್ದು ಡ್ರೈವರನ ಎಡಮೊಣಕಾಲಿನ ಮೇಲೆ, ತೂಕ ಹಿಡಿದಂತೆ, ನಿಮಿಷಕ್ಕೊಂದು. ಈಗ ಆ ಮೊಣಕಾಲಿಗೆ ಒಂದು ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಗಾಡಿ ಹೊಡೆಯುತ್ತಾನೆ. ಲೈಟ್ ಮಾತ್ರ ಜಬರ್ದಸ್ತ್ ಐತಿ ಅನ್ನುತ್ತಾನೆ.

ಜಬರ್ದಸ್ತೇ. ಮೊದಲ ರಾತ್ರಿ ಎಲ್ಲ ಸ್ವಿಚ್ಚು ಒತ್ತಿದಾಗ ಗಾಡಿಯ ಬಿಳಿ ಬಾನೆಟ್ಟು ಎಂಥ ಬೆಳಗಿತೆಂದರೆ ಅದರ ಮೇಲೆ ಕೂತ ನೊಣದ ಕಾಲು ಎಣಿಸಬಹುದಿತ್ತು. ರಸ್ತೆ ಮಾತ್ರ ಮಸುಕು. ಮೇಲಿನಿಂದ ಬಿದ್ದ ಬೆಳಕು ಮೊದಲು ತನ್ನದೇ ಬಾನೆಟ್ಟಿಗೆ ಬಡಿದು ಡ್ರೈವರನ ಕಣ್ಣಿಗೆ ವಾಪಸು ಬರುತ್ತದೆ. ಕಣ್ಣುಪಾಪೆ ಕಿರಿದಾಗುತ್ತದೆ, ದೂರದ ಕತ್ತಲು ಇನ್ನಷ್ಟು ಕಪ್ಪಾಗುತ್ತದೆ. ಅದಕ್ಕೆ ಔಷಧ ಬಾನೆಟ್ಟಿಗೆ ಹೊಳಪಿಲ್ಲದ ಕಪ್ಪು ಸ್ಟಿಕ್ಕರು. ಬಿಳಿ ಬಣ್ಣಕ್ಕೆಂದು ಷೋರೂಮಿನಲ್ಲಿ ವಾರಗಟ್ಟಲೆ ಕಾದವನು ಈಗ ಅದರ ಮೇಲೆ ಕಪ್ಪು ಅಂಟಿಸಿದ.

ಕಪ್ಪಿನ ಬೆಲೆಯನ್ನು ಬೀದರಿನವರಿಗೆ ಇನ್ನೊಬ್ಬರು ಹೇಳಿಕೊಡಬೇಕೇ? ಬಿದರಿ ಕೆಲಸದಲ್ಲಿ ಸತುವಿಗೆ ಚೂರು ತಾಮ್ರ ಬೆರೆಸಿ ಎರಕ ಹೊಯ್ದು, ಗೆರೆ ಕೊರೆದು, ಬೆಳ್ಳಿ ಕೂಡಿಸಿ, ಕೊನೆಗೆ ಕೋಟೆಯ ಹಳೇ ಮಣ್ಣು, ನವಸಾಗರ ಬೆರೆಸಿದ ಬಿಸಿನೀರಿಗೆ ಅದ್ದುತ್ತಾರೆ. ಲೋಹವೆಲ್ಲ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಹೂದಾನಿಯ ತುಂಬ ಬೆಳ್ಳಿ ಮೆತ್ತಿದರೆ ಹೆಚ್ಚು ಹೊಳೆದೀತಲ್ಲ ಎಂದು ಯಾವ ಬಿದರಿ ಉಸ್ತಾದನೂ ಇವತ್ತಿನವರೆಗೆ ಯೋಚಿಸಿಲ್ಲ. ಅದೇ ಊರಿನ ಮತ್ತೊಬ್ಬ ಉಸ್ತಾದ್ ಟಾಪಿನ ಮೇಲೆ ಇನ್ನೂ ಎರಡು ಕೂಡ್ತಾವ ನೋಡ್ರಿ ಅನ್ನುತ್ತಾರೆ. ಗಿರಾಕಿಯೂ ಹೂಂ ಅನ್ನುತ್ತಾನೆ.

ಎತ್ತರದ ಹುಚ್ಚು ನಮ್ಮೂರಿಗೆ ಹೊಸದೂ ಅಲ್ಲ. ಊರ ನಡುವೆ ಚೌಬಾರಾ ಇದೆ, ದಪ್ಪನೆಯ ದುಂಡು ಬುರುಜು, ನಾಲ್ಕೂ ದಿಕ್ಕು ಕಾಯಲೆಂದೇ ಕಟ್ಟಿದ್ದು. ಕಾವಲಿನವನು ಅದರ ಮೇಲೇರಿ ಸುತ್ತ ನೋಡುತ್ತಿದ್ದ. ಈಗಿನವರಿಗೆ ನೋಡುವ ಉಸಾಬರಿ ಬೇಡ, ನಾಲ್ಕೂ ದಿಕ್ಕಿನವರು ತಮ್ಮನ್ನು ನೋಡಿದರೆ ಸಾಕು. ಡಿಸೆಂಬರ್-ಜನವರಿಯಲ್ಲಿ ಮಾಂಜ್ರಾ ದಂಡೆಗೆ ಮಂಜು ಇಳಿದಾಗ ಈ ಎತ್ತರದ ಪರೀಕ್ಷೆ ಆಗುತ್ತದೆ. ಟಾಪಿನ ಬೆಳಕು ಮಂಜಿನ ಹನಿಗೆ ಬಡಿದು ಕಣ್ಣೆದುರೇ ಬಿಳಿ ಗೋಡೆ ಏಳುತ್ತದೆ. ಮಂಜಿನ ದೀಪವನ್ನು ಕಂಪನಿಯವರು ಬಂಪರಿನಲ್ಲಿ, ಮೊಣಕಾಲೆತ್ತರಕ್ಕೆ ಇಡುವುದು ಅದಕ್ಕೇ. ನೆಲದ ಹತ್ತಿರ ಹರಿದ ಬೆಳಕು ಕಣ್ಣಿನ ದಾರಿಗೆ ಅಡ್ಡ ಬರುವುದಿಲ್ಲ. ಆದರೆ ಬಂಪರಿನ ದೀಪ ಯಾರಿಗೆ ಕಾಣುತ್ತದೆ? ಹಾಕಿಸಿದ್ದಕ್ಕೆ ಅರ್ಥವೇ ಇಲ್ಲ.

ಸರ್ಕಾರವೇನೂ ಕಣ್ಣು ಮುಚ್ಚಿ ಕೂತಿಲ್ಲ, ಅದರ ಕಣ್ಣಿಗೂ ಬೆಳಕು ಬಿದ್ದಿದೆಯಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮದಲ್ಲಿ 106ನೆಯದು ಓದಲು ಬಲು ಚಂದ. ದೀಪದಿಂದ 8 ಮೀಟರ್ ದೂರದಲ್ಲಿ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರುವ ಮನುಷ್ಯನಿಗೆ ಬೆಳಕು ಕುಕ್ಕಬಾರದು. ಪಿಕಪ್ಪಿನ ಟಾಪೇ ಆ ಮನುಷ್ಯನ ಕಣ್ಣಿಗಿಂತ ಮೇಲೆ. ಅಲ್ಲಿಂದ ಹೊರಟ ಬೆಳಕು ಅವನ ಕಣ್ಣು ತಪ್ಪಿಸಿ ಹೋಗಬೇಕೆಂದರೆ ತಲೆ ಬಗ್ಗಿಸಿ ನೆಲ ನೋಡಬೇಕು. ನೆಲ ನೋಡುವ ಲೈಟಿಗೆ ಯಾರು ದುಡ್ಡು ಕೊಡುತ್ತಾರೆ? 111ನೆಯ ನಿಯಮ ಇನ್ನೂ ಖಡಕ್ಕು: ಗಾಡಿಯ ಮುಂದೆ ಸ್ಪಾಟ್ ಲೈಟು, ಸರ್ಚ್ ಲೈಟು ನೋಂದಣಿ ಅಧಿಕಾರಿಯ ಒಪ್ಪಿಗೆ ಇಲ್ಲದೆ ಇರಲೇಕೂಡದು. ಕಂಪನಿ ಕೊಟ್ಟ ರೂಪಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. 2024ರ ಜುಲೈ ಬಂದಾಗ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿಗಳ ಮೇಲೆ ಕೇಸು ಹಾಕುತ್ತೇವೆ ಎಂದು ರಸ್ತೆಗಿಳಿದರು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಾಡು-ಮರಳಿನಲ್ಲಿ ತಿರುಗುವ ಗಾಡಿಗೆ ಹೆಚ್ಚಿನ ಲೈಟು ಬೇಕಿದ್ದರೆ ಹಾಕಿಕೋ ಅನ್ನುತ್ತಾರೆ, ಆದರೆ ಹೆದ್ದಾರಿಗೆ ಬಂದರೆ ಬೆಳಕು ಹಾಯದ ಮುಚ್ಚಳ ಹಾಕಲೇಬೇಕು. ಇದನ್ನು ನಮ್ಮ ಹುಡುಗನಿಗೆ ಹೇಳಿದೆ. ಅವನಿಗೆ ಬಹಳ ಸಂತೋಷವಾಯಿತು.

“ನಂದೂ ಐತಲ್ಲ ಮಾಮಾ, ಹಳದಿ ಮುಚ್ಚಳ! ದಿನಾ ಹಾಕ್ತೀನಿ.”

“ಯಾವಾಗ?”

“ಹಗಲಿ. ಧೂಳ ಹತ್ತಬಾರದು ನೋಡ್ರಿ.”

ಕಾನೂನಿಗೆ ಸಿಗದಂತೆ ಬದುಕುವುದು ಭಾಲ್ಕಿಗೆ ಹೊಸದೇ ಎಂದು ಅವನು ವಾದಕ್ಕೇ ನಿಂತ. ನಿಜಾಮರ ಕಾಲದಲ್ಲಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಲಿಲ್ಲವೇ, ಅಧಿಕಾರಿಗಳಿಗೆ ಗೊತ್ತಾಯಿತೇ ಎಂದ. ನಾನು ಅಂದೆ, “ತಮ್ಮಾ, ಅವರು ದೀಪ ಒಳಗ ಹಚ್ಚಿದ್ರು, ಅದಕ್ಕ ಯಾರಿಗೂ ಕಾಣಲಿಲ್ಲ. ನೀ ಮಾಳಗಿ ಮ್ಯಾಲ ಹಚ್ಚಿ ಪೊಲೀಸರ ಕಣ್ಣು ತಪ್ಪಸ್ತೀನಿ ಅಂತಿ.” ಅಕ್ಕ ಒಳಗಿನಿಂದ ನಕ್ಕಳು. ಅವನು ಛಾ ಬಸಿಯನ್ನು ಸ್ವಲ್ಪ ಜೋರಾಗಿಯೇ ಕೆಳಗಿಟ್ಟ.

ಹಾಗಂತ ಅವನಿಗೆ ಪೊಲೀಸರ ಚಿಂತೆ ಇಲ್ಲ. ಚಿಂತೆ ಇರುವುದು ಗಾಡಿಯ ಯೋಗ್ಯತೆ ಪರೀಕ್ಷಿಸುವ ಪಾಸಿಂಗಿನದು. ಬಾಡಿಗೆ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಪಾಸಿಂಗ್, ಆಮೇಲೆ ವರ್ಷಾ ವರ್ಷಾ. ಪಾಸಿಂಗಿನ ಹಿಂದಿನ ದಿನ ಉಸ್ತಾದರ ಅಂಗಡಿಯ ಮುಂದೆ ಪಿಕಪ್ಪುಗಳ ಸಾಲು. ಬಾರು, ಫೋಕಸು, ನೀಲಿ ಪಟ್ಟಿ ಎಲ್ಲ ಇಳಿಸಿ ಗೋಣಿಚೀಲದೊಳಗೆ ಕಟ್ಟಿ, ಮಾಲೀಕನ ಹೆಸರು ಬರೆದು ಮೂಲೆಗೆ ಇಡುತ್ತಾರೆ. ತೂತುಗಳಿಗೆ ಎಂ-ಸೀಲ್ ಮೆತ್ತಿ ಬಿಳಿ ಬಣ್ಣ ಬಳಿಯುತ್ತಾರೆ. ಮುಂಡನ ಮಾಡಿಸಿಕೊಂಡ ಗಾಡಿಗಳು ತಣ್ಣಗೆ ಹೋಗಿ ಪಾಸಾಗಿ ಬರುತ್ತವೆ. ಮರುದಿನ ಅದೇ ಸಾಲು, ಅದೇ ಗೋಣಿಚೀಲ, ಅದೇ ಡ್ರಿಲ್ಲು.

ಇಳಿಸುವುದಕ್ಕೆ ಎಷ್ಟು, ಏರಿಸುವುದಕ್ಕೆ ಎಷ್ಟು ಎಂದು ಉಸ್ತಾದರನ್ನು ಕೇಳಿದೆ. ಎರಡಕ್ಕೂ ಮಜೂರಿ ಒಂದೇ ಅಂದರು. ಹಂಗಾದರೆ ಈ ಕಾನೂನು ತೆಗೆದುಬಿಟ್ಟರೆ ನಿಮಗೆ ಒಳ್ಳೆಯದಲ್ಲವೇ, ಇನ್ನೂ ಹೆಚ್ಚು ಜನ ಹಾಕಿಸಿಕೊಂಡಾರು ಎಂದೆ.

ಉಸ್ತಾದ್ ಪಾನಾ ಕೆಳಗಿಟ್ಟು ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದರು. “ಏನ್ ಮಾತಾಡ್ತೀರಿ ಸಾಹೇಬ್ರ, ಕಾನೂನು ಇರಬೇಕು. ಖಡಕ್ ಇರಬೇಕು. ಎರಡು ವರ್ಷಕ್ಕೊಮ್ಮಿ ಯಾಕ, ಪಾಸಿಂಗ್ ಆರು ತಿಂಗಳಿಗೊಮ್ಮಿ ಮಾಡ್ರಿ ಅಂತ ಬರೀರಿ ನೀವು.”