ಬಿಡಲಿಕ್ಕೂ ಒಂದು ನೌಕರಿ ಬೇಕು

ಕೆಲಸ ಬದಲಾಯಿಸುವ ಕಲೆಯನ್ನು ನಮ್ಮ ಸೀಮೆಯಲ್ಲಿ ಯಾರಾದರೂ ಕಲಿಯಬೇಕೆಂದರೆ ಹರಪನಹಳ್ಳಿಯನ್ನು ನೋಡಿ ಕಲಿಯಬೇಕು. ಬಳ್ಳಾರಿಯಲ್ಲಿದ್ದದ್ದು, 1997ರಲ್ಲಿ ಕಾರಿಗನೂರಿನ ಜೆ.ಎಚ್. ಪಟೇಲರು ದಾವಣಗೆರೆ ಜಿಲ್ಲೆ ಮಾಡಿದಾಗ ಗಂಟುಮೂಟೆ ಕಟ್ಟಿಕೊಂಡು ಇಲ್ಲಿಗೆ ಬಂತು. ಇಪ್ಪತ್ತು ವರ್ಷ ಇದ್ದು ನೋಡಿತು. ಸಂವಿಧಾನದ 371ಜೆ ವಿಧಿಯ ಸವಲತ್ತು ಹಳೇ ಮನೆಯಲ್ಲೇ ಸಿಗುತ್ತದೆಂದು ಖಾತ್ರಿಯಾದ ಮೇಲೆ ಬಳ್ಳಾರಿಗೆ ವಾಪಸ್ ಹೋಯಿತು. ಅಲ್ಲಿ ಚಾಪೆ ಹಾಸುವಷ್ಟರಲ್ಲಿ 2021ಕ್ಕೆ ವಿಜಯನಗರ. ಕೂತಲ್ಲಿಂದ ಒಂದಿಂಚು ಜರುಗದೆ ಮೂರು ಜಿಲ್ಲೆ! ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಬಿಟ್ಟು ಬಂದವು, ಜಗಳೂರು ಚಿತ್ರದುರ್ಗ ಬಿಟ್ಟು ಬಂತು. ನ್ಯಾಮತಿಯಂತೂ ಹೊನ್ನಾಳಿಯ ಕೈಕೆಳಗೆ ಎಷ್ಟು ದಿನ ಇರೋದು ಅಂತ 2017ರ ಬಜೆಟ್ಟಿನ 49 ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ಹೆಸರು ಬರೆಸಿಕೊಂಡು ತಾನೇ ಸಾಹೇಬನಾಯಿತು. ಊರಿಗೂರೇ ಹೀಗೆ ಧಣಿ ಬದಲಾಯಿಸಿರುವ ಈ ತಾಲ್ಲೂಕುಗಳಲ್ಲಿ, ಬದಲಾಯಿಸಲಾರದೆ ಕೂತಿರುವ ಜೀವ ಒಂದೇ: ಅಂಗನವಾಡಿ ಟೀಚರ್.

ಬಿಟ್ಟುಬಿಡೋಣ ಎಂದು ಅವರಿಗೆ ಅನ್ನಿಸುವುದು ವರ್ಷಕ್ಕೆ ಎರಡು ಸಲ. ಮಾರ್ಚಿನಲ್ಲಿ ಬಜೆಟ್ ಓದಿ ಮುಗಿಸಿದ ಸಂಜೆ ಒಮ್ಮೆ. ಜೂನ್‌ನಲ್ಲಿ ಕಾನ್ವೆಂಟಿನ ಹಳದಿ ವ್ಯಾನು ಊರೊಳಗೆ ಹಾರ್ನ್ ಹೊಡೆದ ಬೆಳಿಗ್ಗೆ ಇನ್ನೊಮ್ಮೆ.

ಮಾರ್ಚಿನ ಲೆಕ್ಕ ಸಣ್ಣದು. ಕೇಂದ್ರ ಸರ್ಕಾರ ತನ್ನ ಲೆಕ್ಕದ ಗೌರವಧನವನ್ನು 2018ರ ಅಕ್ಟೋಬರ್‌ನಲ್ಲಿ 3,000ದಿಂದ 4,500ಕ್ಕೆ ಏರಿಸಿ, ಪುಣ್ಯ ಬಂತೆಂದು ಕೈತೊಳೆದುಕೊಂಡು ವರ್ಷಗಟ್ಟಲೆ ಆ ಕಡೆ ತಿರುಗಿ ನೋಡಲಿಲ್ಲ. ಮಿಕ್ಕದ್ದನ್ನು ತುಂಬುವುದು ರಾಜ್ಯ. 2023ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನವರು ತಿಂಗಳಿಗೆ 15,000 ಮಾಡುತ್ತೇವೆಂದರು. 2025ರ ಬಜೆಟ್ಟಿನಲ್ಲಿ ಟೀಚರಿಗೆ 1,000, ಸಹಾಯಕಿಗೆ 750 ಏರಿತು. ಹದಿನೈದು ಸಾವಿರ ಇನ್ನೂ ದಾರಿಯಲ್ಲಿದೆಯಂತೆ. ಜಗಳೂರಿಗೆ ಭದ್ರಾ ಮೇಲ್ದಂಡೆ ನೀರೂ ಎಷ್ಟೋ ವರ್ಷದಿಂದ ಅದೇ ದಾರಿಯಲ್ಲಿದೆ, ಇಬ್ಬರೂ ಎಲ್ಲೋ ಒಂದು ಕಡೆ ಚಹಾಕ್ಕೆ ನಿಂತಿರಬೇಕು.

ಅದೇ ವರ್ಷ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ. ಕೆರೆಯ ಹೂಳು ತೆಗೆಯಲು ಹೋದರೆ ಪಾಠದ ಯೋಜನೆ ಬರೆಯಬೇಕಿಲ್ಲ, ತೂಕದ ಯಂತ್ರ ಹೊರಬೇಕಿಲ್ಲ, ಯಾರ ಮೂಗೂ ಒರೆಸಬೇಕಿಲ್ಲ. ಗುಂಡಿ ಅಳೆದು ದುಡ್ಡು ಕೊಡುತ್ತಾರೆ. ಮಗುವಿನ ಮಿದುಳು ಎಷ್ಟು ಬೆಳೆಯಿತೆಂದು ಅಳೆಯುವ ಟೇಪು ಮಾತ್ರ ಯಾವ ಎಂಜಿನಿಯರ್ ಹತ್ತಿರವೂ ಇಲ್ಲ.

ಹಾಗಾದರೆ ಬಿಟ್ಟು ಹೋಗಲಿ ಎನ್ನುತ್ತೀರಿ. ಏನನ್ನು ಬಿಡುವುದು? ಇಲ್ಲೇ ಇರುವುದು ತಮಾಷೆ. ಊರಲ್ಲಿ ಎಲ್ಲರೂ ಅದನ್ನು ಸರ್ಕಾರಿ ನೌಕರಿ ಎನ್ನುತ್ತಾರೆ. ಹೆಣ್ಣು ನೋಡಲು ಬಂದ ಬೀಗರು ಎನ್ನುತ್ತಾರೆ, ಸಾಲ ಕೊಡುವ ಸಂಘದವರು ಎನ್ನುತ್ತಾರೆ, ಚೀಟಿ ನಡೆಸುವವರಂತೂ ಆಣೆ ಮಾಡಿ ಹೇಳುತ್ತಾರೆ. ಅಲ್ಲ ಎನ್ನುವುದು ಸರ್ಕಾರ ಒಂದೇ. ಕರ್ನಾಟಕ ಸರ್ಕಾರ ಇದನ್ನು ಸುಪ್ರೀಂ ಕೋರ್ಟಿನವರೆಗೂ ಹೊತ್ತು ಒಯ್ದು, 2006ರಲ್ಲಿ ಅಮೀರ್‌ಬಿ ಪ್ರಕರಣದಲ್ಲಿ ಗೆದ್ದುಕೊಂಡು ಬಂತು: ಅಂಗನವಾಡಿ ಕಾರ್ಯಕರ್ತೆಯರದು ನಾಗರಿಕ ಹುದ್ದೆ ಅಲ್ಲ. ಆಮೇಲೆ 2022ರ ಏಪ್ರಿಲ್‌ನಲ್ಲಿ ಗುಜರಾತಿನ ಹೆಣ್ಣುಮಕ್ಕಳ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟು ಇವರಿಗೆ ಗ್ರ್ಯಾಚುಟಿ ಕಾಯಿದೆ ಅನ್ವಯಿಸುತ್ತದೆ ಎಂದಿತು. ಎರಡನ್ನೂ ಕೂಡಿಸಿ ಓದಿದ ಸಾಮಾನ್ಯರಿಗೆ ಅರ್ಥವಾಗುವುದಿಷ್ಟು: ಕೆಲಸ ಮಾಡುವಷ್ಟು ದಿನ ಅವಳು ನೌಕರಿಯವಳಲ್ಲ, ಮುಗಿಸಿ ಹೊರಟ ದಿನ ನೌಕರಿಯವಳು. ಬದುಕಿದ್ದಾಗ ಮಾತಾಡಿಸದೆ ತಿಥಿಗೆ ಹೋಳಿಗೆ ಮಾಡುವ ಮನೆಗಳು ಬೇಕಾದಷ್ಟಿವೆ, ಇರಲಿ ಬಿಡಿ.

ಇನ್ನೊಂದು ಗಂಟೂ ಇದೆ. ಈ ಕೆಲಸಕ್ಕೆ ಆಯ್ಕೆಯಾಗಲು ಅದೇ ಊರಿನವಳೇ ಆಗಿರಬೇಕು. ಮೇಷ್ಟ್ರಿಗೆ ಕೌನ್ಸೆಲಿಂಗ್ ಇದೆ, ಪೊಲೀಸಿಗೆ ವರ್ಗಾವಣೆ ಇದೆ, ತಹಶೀಲ್ದಾರರಿಗಂತೂ ವರ್ಗವಾಗುವುದೇ ಮುಖ್ಯ ಕೆಲಸ. ಶಕ್ತಿ ಯೋಜನೆಯ ಬಸ್ಸಿನಲ್ಲಿ ಟೀಚರ್ ಪುಕ್ಕಟೆಯಾಗಿ ಬೀದರಿನವರೆಗೂ ಹೋಗಬಹುದು, ನೌಕರಿಯನ್ನು ಮಾತ್ರ ಪಕ್ಕದ ಹಳ್ಳಿಗೂ ಒಯ್ಯುವುದು ಕಷ್ಟ.

ಈಗ ಜೂನ್ ತಿಂಗಳ ಕತೆ. ಟೀಚರ್ ನೌಕರಿ ಬಿಡುವ ಯೋಚನೆ ಮಾಡುತ್ತಿರುವಾಗಲೇ ಮಕ್ಕಳು ಅಂಗನವಾಡಿ ಬಿಟ್ಟು ಹೋಗಿರುತ್ತಾರೆ. ಮೂರು ವರ್ಷದ ಪೋರ ಯಾವ ಹಿಂಜರಿಕೆಯೂ ಇಲ್ಲದೆ, ನೋಟಿಸ್ ಕೂಡ ಕೊಡದೆ, ಟೈ ಕಟ್ಟಿಕೊಂಡು ವ್ಯಾನು ಹತ್ತಿ ಚನ್ನಗಿರಿಯ ಕಾನ್ವೆಂಟಿಗೆ ಸೇರಿಕೊಳ್ಳುತ್ತಾನೆ. ಅಪ್ಪನ ಅಡಿಕೆ ಕ್ವಿಂಟಲ್‌ಗೆ ಅರ್ಧ ಲಕ್ಷ ಕಂಡಿದೆ. ಮಗ ಅಂಗನವಾಡಿಯ ಚಾಪೆಯ ಮೇಲೆ ಕೂತು ಅನ್ನ ಸಾರು ಉಣ್ಣುವುದೆಂದರೇನು? ಇದಕ್ಕೆ ಖಾಸಗಿಯವರನ್ನಷ್ಟೇ ಬೈದು ಪ್ರಯೋಜನವಿಲ್ಲ. ಸರ್ಕಾರಿ ಶಾಲೆಯಲ್ಲೇ ಎಲ್‌ಕೆಜಿ, ಯುಕೆಜಿ ತೆರೆಯುತ್ತೇವೆಂದು ಶಿಕ್ಷಣ ಇಲಾಖೆ ಹೊರಟಿತು. ಅಂಗನವಾಡಿಯವರು 2024ರಲ್ಲಿ ಬೀದಿಗಿಳಿದು, ನಮ್ಮ ಮಕ್ಕಳನ್ನು ಕಸಿದುಕೊಂಡರೆ ನಾವು ಯಾರಿಗೆ ಕಲಿಸಬೇಕು ಎಂದು ಕೇಳಿದರು. ಆಗ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ತಾನೂ ಕಡಿಮೆಯಿಲ್ಲವೆಂದು ಅದೇ ಜುಲೈನಲ್ಲಿ ಬೆಂಗಳೂರಿನ 250 ಅಂಗನವಾಡಿಗಳಿಗೆ ‘ಸರ್ಕಾರಿ ಮಾಂಟೆಸ್ಸರಿ’ ಎಂಬ ಬೋರ್ಡು ಹಾಕಿಸಿತು. ನಾಲ್ಕು ವರ್ಷದ ಮಗುವಿಗಾಗಿ ಒಂದೇ ಸರ್ಕಾರದ ಎರಡು ಇಲಾಖೆಗಳು ಕಿತ್ತಾಡಿದ್ದು ಇತಿಹಾಸದಲ್ಲಿ ಇದೇ ಮೊದಲಿರಬೇಕು. ಮಗುವಿಗೆ ಅಷ್ಟು ಬೆಲೆ ಬಂದದ್ದಕ್ಕೆ ಖುಷಿಪಡೋಣ. ಮರಿಯಾ ಮಾಂಟೆಸ್ಸರಿ ಎಂಬ ಇಟಲಿಯ ಡಾಕ್ಟರಮ್ಮ 1907ರಲ್ಲಿ ಮೊದಲ ಶಾಲೆ ತೆರೆದದ್ದು ರೋಮಿನ ಬಡವರ ವಠಾರದಲ್ಲಿ, ಹೆಚ್ಚುಕಡಿಮೆ ಅಂಗನವಾಡಿಯೇ. 1939ರಲ್ಲಿ ಮದರಾಸಿಗೂ ಬಂದಿದ್ದರು. ಪುಣ್ಯಕ್ಕೆ ಆಗ ಯಾರೂ ಅವರ ಕೈಗೆ ಪೋಷಣ್ ಟ್ರ್ಯಾಕರ್ ಆ್ಯಪ್ ಕೊಡಲಿಲ್ಲ.

ಆ ಟ್ರ್ಯಾಕರ್ ಹೇಗೆ ಕೆಲಸ ಮಾಡುತ್ತದೆಂದು ಒಮ್ಮೆ ನೋಡಬೇಕು. ಜಗಳೂರು ಕಡೆಯ ಒಂದು ಕೇಂದ್ರ ಎಂದಿಟ್ಟುಕೊಳ್ಳಿ. ಮಧ್ಯಾಹ್ನ ಹನ್ನೆರಡರ ಬಿಸಿಲು. ಬಾಣಂತಿ ಆಹಾರದ ಪೊಟ್ಟಣಕ್ಕೆ ಬಂದಿದ್ದಾಳೆ. 2025ರ ಜುಲೈ 1ರಿಂದ ಅವಳ ಮುಖವನ್ನು ಆ್ಯಪಿಗೆ ತೋರಿಸದೆ ಪೊಟ್ಟಣ ಕೊಡುವಂತಿಲ್ಲ. ಟೀಚರ್ ಫೋನ್ ಎತ್ತಿ ಹಿಡಿದಿದ್ದಾರೆ. ಒಳಗೆ ನೆಟ್‌ವರ್ಕ್ ಇಲ್ಲ, ಅಂಗಳಕ್ಕೆ ಬಂದರೆ ಬಿಸಿಲಿಗೆ ಮುಖ ಕಾಣುವುದಿಲ್ಲ, ಬೇವಿನ ಮರದ ಕೆಳಗೆ ಎರಡೂ ಅರ್ಧಂಬರ್ಧ.

“ಕಣ್ಣು ಮಿಟುಕ್ಸವ್ವ.”

“ಮಿಟುಕ್ಸಿದ್ನಲ್ಲ ಟೀಚರ್ರೇ.”

“ಇನ್ನೊಂದ್ ಸಲ. ಸೆರಗು ಸರಿಸು, ಕಿವಿ ಕಾಣ್ಬೇಕು.”

ಮುಖ ಹೊಂದುತ್ತಿಲ್ಲ ಎನ್ನುತ್ತದೆ ಫೋನು. ಹೊಂದುವುದಾದರೂ ಹೇಗೆ? ಆಧಾರಿನ ಫೋಟೊ ಮದುವೆಗೆ ಮುಂಚಿನದು, ದುಂಡು ಮುಖ. ಎದುರಿಗಿರುವುದು ಎರಡು ಹೆರಿಗೆ ಕಂಡ ಮುಖ. ಅಷ್ಟು ಸೊರಗಿದ್ದಾಳೆ ಎಂಬುದಕ್ಕೇ ಪೊಟ್ಟಣ ಕೊಡಬೇಕಿರುವುದು. ಅಷ್ಟು ಸೊರಗಿದ್ದಾಳೆ ಎಂಬುದಕ್ಕೇ ಫೋನು ಅವಳನ್ನು ಗುರುತಿಸುತ್ತಿಲ್ಲ. ಒಳಗೆ ಸಹಾಯಕಿ ಒಲೆ ಮುಂದೆ. ಮಕ್ಕಳು ಚಿಲಿಪಿಲಿ ಪಠ್ಯದ ಪ್ರಕಾರ ಚಟುವಟಿಕೆಯಲ್ಲಿ ತೊಡಗಿರಬೇಕಾದ ಹೊತ್ತು. ತೊಡಗಿಯೂ ಇದ್ದಾರೆ: ಇಬ್ಬರು ಒಂದೇ ಲೋಟಕ್ಕೆ ಬಡಿದಾಡುತ್ತಿದ್ದಾರೆ, ಒಬ್ಬ ಸುಣ್ಣದ ಗೋಡೆ ನೆಕ್ಕುತ್ತಿದ್ದಾನೆ. ಇಷ್ಟರಲ್ಲಿ ವಾಟ್ಸಾಪಿನಲ್ಲಿ ಮೇಲ್ವಿಚಾರಕಿಯ ಸಂದೇಶ, ಮೂರು ಗಂಟೆಯೊಳಗೆ ಫೋಟೊ ಸಮೇತ ವರದಿ ಬೇಕು. ಸಂಜೆ ಬಿಎಲ್‌ಒ ಕೆಲಸ, ಮತದಾರರ ಪಟ್ಟಿ ಹಿಡಿದು ಮನೆ ಮನೆ. ನಡುವೆ ಮೊಟ್ಟೆ ಕೊಳ್ಳುವ ಕೆಲಸ. ಸರ್ಕಾರದ ದರಕ್ಕೂ ಅಂಗಡಿ ದರಕ್ಕೂ ಎಷ್ಟು ಅಂತರವಿದೆ ಎನ್ನುವುದು ಕೋಳಿಗೂ ಗೊತ್ತು, ಅದನ್ನು ತುಂಬುವ ಪರ್ಸು ಯಾರದು ಎನ್ನುವುದೂ ಗೊತ್ತು.

ಬೇರೆ ಕೆಲಸಗಳಿಲ್ಲವೇ? ಉಂಟು. ಚನ್ನಗಿರಿಯಲ್ಲಿ ಸುಗ್ಗಿ ಬಂದರೆ ಅಡಿಕೆ ಸುಲಿಯಬಹುದು, ಸುಲಿದಷ್ಟಕ್ಕೆ ದುಡ್ಡು. ಗೌರವಧನದಂತೆ ತಿಂಗಳುಗಟ್ಟಲೆ ಅನುದಾನದ ದಾರಿ ಕಾಯಬೇಕಿಲ್ಲ. ನ್ಯಾಮತಿ, ಹೊನ್ನಾಳಿ ಕಡೆಯವರಿಗೆ ಶಿವಮೊಗ್ಗದ ಗಾರ್ಮೆಂಟ್ಸ್ ಇದೆ. ಬೆಳಕು ಹರಿಯುವ ಮುಂಚೆ ಎದ್ದು ಹೋಗಬೇಕು ನಿಜ, ಆದರೆ ಅಲ್ಲಿ ಪಿಎಫ್ ಇದೆ, ಇಎಸ್‌ಐ ಇದೆ. ಅಂಗಿಗೆ ಗುಂಡಿ ಹೊಲಿಯುವವಳು ಈ ದೇಶದಲ್ಲಿ ಕಾರ್ಮಿಕಳು. ಆ ಅಂಗಿ ತೊಟ್ಟ ಮಗುವಿಗೆ ಗುಂಡಿ ಹಾಕಿಕೊಳ್ಳಲು ಕಲಿಸುವವಳು ಸ್ವಯಂಸೇವಕಿ. ಡಿ.ಇಡಿ, ಬಿ.ಇಡಿ ಆಗಿದ್ದರೆ ಸರ್ಕಾರಿ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕಿಯಾಗಬಹುದು, ತಿಂಗಳಿಗೆ 12,000. ಅತಿಥಿಯಾದ್ದರಿಂದ ಮಾರ್ಚ್ ಮುಗಿಯುತ್ತಲೇ ಮನೆಗೆ ಹೋಗಬೇಕು. ಜಗಳೂರಿನಲ್ಲಿ ಆಯ್ಕೆ ಸುಲಭ: ಮಳೆ ಬಂದರೆ ಮೆಕ್ಕೆಜೋಳದ ಕಳೆ, ಬಾರದಿದ್ದರೆ ಬೆಂಗಳೂರು.

ಆದರೆ ಹತ್ತು ವರ್ಷ ಮಕ್ಕಳ ಜೊತೆ ಇದ್ದವರಿಗೆ ಮಕ್ಕಳ ಕೆಲಸವೇ ಬೇಕು. ಹಾಗಾಗಿ ಕಡೆಗೆ ಎಲ್ಲರೂ ಹೋಗಿ ನಿಲ್ಲುವುದು ಊರಿಗೆ ವ್ಯಾನು ಕಳಿಸುವ ಅದೇ ಥರದ ಕಾನ್ವೆಂಟಿನ ಬಾಗಿಲಿಗೆ. ಅಲ್ಲಿನ ಸಂದರ್ಶನ ಹೀಗಿರುತ್ತದೆ.

“ಎಕ್ಸ್‌ಪೀರಿಯೆನ್ಸ್ ಎಷ್ಟು ಮೇಡಂ?”

“ಹನ್ನೊಂದು ವರ್ಷ ಸರ್, ಅಂಗನವಾಡಿ.”

“ಅದಲ್ಲ, ಟೀಚಿಂಗ್ ಎಕ್ಸ್‌ಪೀರಿಯೆನ್ಸ್.”

ಟೀಚರ್ ಸುಮ್ಮನಾಗುತ್ತಾರೆ. ಮಾಲೀಕರು ಉದಾರಿ, ಅವರೇ ಮುಂದುವರಿಸುತ್ತಾರೆ. ನರ್ಸರಿಯವರಿಗೆ ದಿನಾ ನಾಲ್ಕು ಪುಟ ಬರೆಸಬೇಕು. ಮೂರು ವರ್ಷದ ಬೆರಳಿಗೆ ಪೆನ್ಸಿಲ್ ಕೊಡಬಾರದು, ಆಟವೇ ಪಾಠ ಅಂತ ನಮಗೆ ತರಬೇತಿಯಲ್ಲಿ ಹೇಳಿದ್ದಾರಲ್ಲ ಸರ್ ಎಂದು ಟೀಚರ್ ಹೇಳಿನೋಡುತ್ತಾರೆ. 2020ರ ಶಿಕ್ಷಣ ನೀತಿಯೂ ಅದನ್ನೇ ಹೇಳುತ್ತದೆ ಎಂದೂ ಸೇರಿಸುತ್ತಾರೆ. “ನೀತಿ ಫೀಸು ಕಟ್ಟಲ್ಲ ಮೇಡಂ, ಪೇರೆಂಟ್ಸ್ ಕಟ್ಟೋದು. ಅವರಿಗೆ ನೋಟ್‌ಬುಕ್ ತುಂಬಿರಬೇಕು.” ಸಂಬಳ? ಅಂಗನವಾಡಿಗಿಂತ ಎರಡು ಸಾವಿರ ಕಡಿಮೆ, ಹತ್ತು ತಿಂಗಳಿಗೆ. ಏಪ್ರಿಲ್, ಮೇ? “ರಜೆ ಅಲ್ವಾ, ಎಂಜಾಯ್ ಮಾಡಿ.” ಎಂಜಾಯ್ ಅಂದರೆ, ಆ ಎರಡು ತಿಂಗಳು ಹಳ್ಳಿಗಳಿಗೆ ಹೋಗಿ ಅಡ್ಮಿಷನ್ ತರಬೇಕು. ಟೀಚರಿಗೆ ಆಗ ಹೊಳೆಯುತ್ತದೆ: ಇವರಿಗೆ ಬೇಕಾಗಿರುವುದು ತನ್ನ ಅನುಭವವಲ್ಲ, ತನ್ನ ಅಂಗನವಾಡಿಯ ಹಾಜರಿ ಪುಸ್ತಕ.

ವಾಪಸ್ ಬರುವ ಬಸ್ಸಿನಲ್ಲಿ ಸಲಹೆಗಳು ಶುರು. ಮನೆಯ ಮಹಾರಾಯರು ಫೋನ್ ಮಾಡಿ, ಹೇಗೋ ಗೌರ್ಮೆಂಟ್ ಕೆಲಸ, ಇವತ್ತಲ್ಲ ನಾಳೆ ಪರ್ಮನೆಂಟ್ ಮಾಡ್ತಾರೆ, ಸುಮ್ನಿರು ಎನ್ನುತ್ತಾರೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ, ನಮ್ಮ ರಾಜ್ಯದಲ್ಲಿ ಟಿ. ನರಸೀಪುರದಲ್ಲಿ ಶುರುವಾದ ಯೋಜನೆ ಇದು. ಆವತ್ತು ಸೇರಿದವರು ಇದೇ ಮಾತು ಕೇಳಿಕೊಂಡು ನಿವೃತ್ತಿಯಾಗಿ, ಅವರ ಮೊಮ್ಮಕ್ಕಳೂ ಅಂಗನವಾಡಿ ದಾಟಿದ್ದಾರೆ. ಅಂಗನವಾಡಿ ನೌಕರರ ಸಂಘದ ಅಕ್ಕ ಬೇರೆ ಹೇಳುತ್ತಾರೆ: ಬಿಡಬೇಡ, ಫ್ರೀಡಂ ಪಾರ್ಕಿನ ಧರಣಿಗೆ ಬಾ. ಅದರಲ್ಲಿ ಸತ್ಯವಿದೆ. 2017ರ ಮಾರ್ಚಿನಲ್ಲಿ ಬೆಂಗಳೂರಿನ ರಸ್ತೆಯಲ್ಲಿ ರಾತ್ರಿ ಮಲಗಿದವರು, 2023ರ ಜನವರಿಯ ಚಳಿಯಲ್ಲಿ ಕೂತವರು ಇಲ್ಲದಿದ್ದರೆ ಗೌರವಧನ ಇಷ್ಟಾದರೂ ಆಗುತ್ತಿರಲಿಲ್ಲ. ಏರಿದ ಒಂದೊಂದು ರೂಪಾಯಿಯ ಹಿಂದೆಯೂ ಯಾವುದಾದರೂ ಫುಟ್‌ಪಾತಿದೆ. ಬಜೆಟ್ ಓದುವವರು ಅದನ್ನು ಕರುಣೆಯೆಂದು ಓದುತ್ತಾರೆ, ಅಷ್ಟೇ.

ಮೇಲ್ವಿಚಾರಕಿಯದು ನೇರ ಮಾತು. “ಬಿಡ್ತೀರಾ? ಬರೆದು ಕೊಡಿ. ಒಂದ್ ಜಾಗ ಖಾಲಿ ಆದ್ರೆ ಎಷ್ಟು ಅರ್ಜಿ ಬೀಳ್ತಾವೆ ಗೊತ್ತಲ್ಲ?” ಗೊತ್ತು. ಪಿಯುಸಿ ಸಾಕು ಎಂದ ಜಾಗಕ್ಕೆ ಎಂ.ಎ. ಮಾಡಿದವರು, ಬಿ.ಇಡಿ ಮುಗಿಸಿದವರು ಬರುತ್ತಾರೆ, ಶಾಸಕರ ಶಿಫಾರಸು ಪತ್ರ ಅವರಿಗಿಂತ ಒಂದು ದಿನ ಮುಂಚೆ ಬರುತ್ತದೆ. ಯಾರಿಗೂ ಬೇಡವಾದ ಕೆಲಸಕ್ಕೆ ಇಷ್ಟು ಜನ ಯಾಕೆ ಮುಗಿಬೀಳುತ್ತಾರೆಂದು ಅರ್ಥಶಾಸ್ತ್ರದವರು ಯೋಚಿಸಲಿ. ಊರಲ್ಲಿ ಓದಿದ ಹೆಣ್ಣುಮಗಳು ಹೊಸ್ತಿಲು ದಾಟಿ, ಸಂಜೆ ನಾಲ್ಕಕ್ಕೆ ವಾಪಸ್ ಬಂದು ಎಮ್ಮೆ ಹಾಲು ಕರೆಯಲು ಸಿಗುವ, ಹಾಗಾಗಿ ಮನೆಯವರೆಲ್ಲ ಒಪ್ಪುವ ಕೆಲಸ ಇದೊಂದೇ ಎನ್ನುವುದು ಆ ಪುಸ್ತಕಗಳಲ್ಲಿ ಇರಲಿಕ್ಕಿಲ್ಲ.

ರಾತ್ರಿ ಊಟ ಬಡಿಸುತ್ತ ಟೀಚರ್ ಮನೆಯಲ್ಲಿ ವಿಷಯ ಇಟ್ಟರು ಎಂದುಕೊಳ್ಳಿ. ಬಿಡೋಣ ಅಂತಿದೀನಿ ಅತ್ತೆ, ಆಗ್ತಾ ಇಲ್ಲ. ಅತ್ತೆ ರೊಟ್ಟಿ ಮುರಿಯುವ ಕೈ ನಿಲ್ಲಿಸಿ ಸೊಸೆಯ ಮುಖ ನೋಡುತ್ತಾರೆ. ಇಷ್ಟು ವರ್ಷ ಒಂದು ದಿನವೂ ಕೆಲಸದ ಬಗ್ಗೆ ಕೇಳದವರು ಈಗ ಬಹಳ ಅಕ್ಕರೆಯಿಂದ ಕೇಳುತ್ತಾರೆ:

“ಬಿಡೋದಾದ್ರೆ ಬಿಡವ್ವ, ಆರೋಗ್ಯ ಮುಖ್ಯ. ಸಣ್ಣಾಕಿ ಪಿಯುಸಿ ಪಾಸಾಗ್ಯಾಳಲ್ಲ, ಅವ್ಳಿಗೆ ಅರ್ಜಿ ಯಾವಾಗ ಹಾಕ್ಬೇಕು?”