ಕೆಡದ ಪಂಪಿಗೆ ಹಾರವಿಲ್ಲ

ಸಾಹಿತ್ಯ ಸಮ್ಮೇಳನಕ್ಕೆ ಹೋದವರು ಊಟವನ್ನು ಬೈದುಕೊಂಡು ಬರುತ್ತಾರೆ. ಕಾರ್ಖಾನೆಯ ಮೇಂಟೆನೆನ್ಸ್ ಸಮ್ಮೇಳನಕ್ಕೆ ಹೋದವರು ಊಟವೊಂದನ್ನೇ ಹೊಗಳಿಕೊಂಡು ಬರುತ್ತಾರೆ. ಹೀಗೂ ಒಂದು ಸಮ್ಮೇಳನ ಇದೆಯೇ ಎಂದಿರಾ? ಇದೆ ಸ್ವಾಮಿ. ರಿಫೈನರಿ, ಗೊಬ್ಬರ, ಸಿಮೆಂಟು, ಸಕ್ಕರೆ, ಹೀಗೆ ಹಗಲು ರಾತ್ರಿ ಓಡುವ ಪ್ಲಾಂಟುಗಳು ನಿಲ್ಲದಂತೆ ನೋಡಿಕೊಳ್ಳುವವರು ಯಾವುದಾದರೂ ಸ್ಟಾರ್ ಹೋಟೆಲಿನಲ್ಲಿ ಸೇರಿ ಎರಡು ದಿನ 'ರಿಲಯಬಿಲಿಟಿ' ಎಂದು ಜಪ ಮಾಡುತ್ತಾರೆ. ಅಮೆರಿಕದಲ್ಲಿ ಟರ್ಬೈನು, ಕಂಪ್ರೆಸರ್‌ಗಳಿಗೆಂದೇ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದವರು 1972ರಲ್ಲಿ ಶುರುಮಾಡಿದ ಸಿಂಪೋಸಿಯಂ ಈಗಲೂ ನಡೆಯುತ್ತಿದೆ. ಆಮೇಲೆ ಪಂಪುಗಳಿಗೂ ಅದರಲ್ಲಿ ಜಾಗ ಸಿಕ್ಕಿತು.

ನಮ್ಮ ಕಡೆಯ ಸಮ್ಮೇಳನ ದೀಪ ಬೆಳಗಿಸುವುದರಿಂದ ಶುರು. ಪ್ಲಾಂಟಿನೊಳಗೆ ಕಡ್ಡಿ ಗೀರಬೇಕಾದರೆ ಹಾಟ್ ವರ್ಕ್ ಪರ್ಮಿಟ್ ಬೇಕು, ಗ್ಯಾಸ್ ಟೆಸ್ಟ್ ಆಗಬೇಕು, ಪಕ್ಕದಲ್ಲಿ ಬೆಂಕಿ ಕಾಯಲು ಒಬ್ಬ ನಿಂತಿರಬೇಕು. ಅದನ್ನೆಲ್ಲ ಬರೆದು ಜಾರಿಗೆ ತಂದ ಮಹನೀಯರೇ ಇಲ್ಲಿ ಬಟ್ಟೆಯ ಬ್ಯಾನರ್‌ಗೆ ಒಂದು ಗೇಣು ದೂರದಲ್ಲಿ ಐದು ಬತ್ತಿ ಹಚ್ಚಿ ಕೈಮುಗಿಯುತ್ತಾರೆ. ಪರ್ಮಿಟ್ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಆಮೇಲೆ ಪ್ರಾಜೆಕ್ಟರ್ ಕೈಕೊಡುತ್ತದೆ. ಸಭೆಯ ತುಂಬ ರಿಲಯಬಿಲಿಟಿ ಪಂಡಿತರೇ ಕೂತಿದ್ದರೂ ಅದನ್ನು ಸರಿಮಾಡುವವನು ಹೋಟೆಲಿನ ಹುಡುಗ. ವೈರ್ ಕಿತ್ತು ಮತ್ತೆ ಸಿಕ್ಕಿಸುತ್ತಾನೆ, ಅಷ್ಟೇ.

ಮೊದಲ ಸ್ಲೈಡಿನಲ್ಲಿ 'ಬಾತ್‌ಟಬ್ ಕರ್ವ್' ಬಂದೇ ಬರುತ್ತದೆ. ಯಂತ್ರ ಹೊಸದರಲ್ಲಿ ಕೆಡುತ್ತದೆ, ನಡುವಯಸ್ಸಿನಲ್ಲಿ ತೆಪ್ಪಗಿರುತ್ತದೆ, ಮುಪ್ಪಿನಲ್ಲಿ ಮತ್ತೆ ಕೆಡುತ್ತದೆ ಎಂದು ಹೇಳುವ ಗೆರೆ ಅದು. ನೋಡಿದರೆ ಯಾರಿಗೂ ಹೌದೆನ್ನಿಸಬೇಕು. ಆದರೆ ಯುನೈಟೆಡ್ ಏರ್‌ಲೈನ್ಸ್‌ನ ಸ್ಟಾನ್ಲಿ ನೌಲನ್ ಮತ್ತು ಹೋವರ್ಡ್ ಹೀಪ್ 1978ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಗೆ ಒಂದು ವರದಿ ಬರೆದುಕೊಟ್ಟರು. ಅದರ ಪ್ರಕಾರ ವಿಮಾನದ ಬಿಡಿಭಾಗಗಳಲ್ಲಿ ಈ ಗೆರೆಯಂತೆ ನಡೆದುಕೊಂಡವು ಬರೀ ಶೇ. 4! ಶೇ. 68 ಭಾಗಗಳು ಕೂಡಿಸಿದ ಹೊಸದರಲ್ಲೇ ಹೆಚ್ಚು ಕಾಟ ಕೊಟ್ಟು, ಆಮೇಲೆ ವಯಸ್ಸಿಗೂ ತಮಗೂ ಸಂಬಂಧವೇ ಇಲ್ಲದಂತಿದ್ದವು. ಅಂದರೆ ಚೆನ್ನಾಗಿರುವುದನ್ನು ತಾರೀಖು ಬಂತೆಂದು ಬಿಚ್ಚಿ ಕಟ್ಟಿದರೆ, ಹೊಸದರ ಕಾಟವನ್ನು ನಾವೇ ಕರೆದು ಕೂರಿಸಿಕೊಂಡ ಹಾಗೆ. ನಮ್ಮ ಬೆಳಗಾವಿ ಕಡೆಯ ಸಕ್ಕರೆ ಕಾರ್ಖಾನೆಯ ಫಿಟ್ಟರು ಇದನ್ನು ವರದಿಯಿಲ್ಲದೆಯೇ ಹೇಳುತ್ತಾನೆ: "ಚಲೋ ಓಡಾಕತ್ತೈತ್ರಿ ಸರ, ಸುಮ್ನ ಬಿಚ್ಚೂದ್ ಬ್ಯಾಡ್ರಿ." ಅವನನ್ನು ಸಮ್ಮೇಳನಕ್ಕೆ ಕರೆಯುವುದಿಲ್ಲ. ವೇದಿಕೆಯ ಮೇಲೆ ಬಾತ್‌ಟಬ್ಬು ಇನ್ನೂ ತುಂಬಿ ತುಳುಕುತ್ತಿದೆ.

ಈ ಕಸುಬಿನ ಕಷ್ಟವೇ ಬೇರೆ. ಅಡುಗೆ ಚೆನ್ನಾಗಿದ್ದರೆ ತಿಂದವರು ಹೇಳುತ್ತಾರೆ, ಹಾಡು ಚೆನ್ನಾಗಿದ್ದರೆ ಕೇಳಿದವರು ಹೇಳುತ್ತಾರೆ. ಮೇಂಟೆನೆನ್ಸ್ ಚೆನ್ನಾಗಿದ್ದರೆ ಏನೂ ಆಗುವುದಿಲ್ಲ. ಆ 'ಏನೂ ಆಗಲಿಲ್ಲ' ಎಂಬುದನ್ನು ಇಪ್ಪತ್ತು ನಿಮಿಷದ ಪೇಪರ್ ಮಾಡಿ ಓದುವುದು ಹೇಗೆ? ಹಾಗಾಗಿ ವೇದಿಕೆಗೆ ಬರುವುದೆಲ್ಲ ಬಿದ್ದು ಎದ್ದ ಕತೆಗಳೇ. ರಾತ್ರಿ ಎರಡಕ್ಕೆ ಓಡಿಬಂದು, ಬೆಳಗಾಗುವಷ್ಟರಲ್ಲಿ ಕಂಪ್ರೆಸರ್ ಎಬ್ಬಿಸಿದ ವೀರನಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಅದು ಬೀಳದ ಹಾಗೆ ನೋಡಿಕೊಂಡವನು ರಾತ್ರಿ ಎರಡಕ್ಕೆ ಮನೆಯಲ್ಲಿ ಮಲಗಿದ್ದ. ಮಲಗಿದ್ದವನಿಗೆ ಯಾರಾದರೂ ಸನ್ಮಾನ ಮಾಡುತ್ತಾರೆಯೇ? ಬಜೆಟ್ ಹೊತ್ತಿಗೆ "ನಿಮ್ಮಲ್ಲಿ ಕೆಲಸವೇ ಇಲ್ಲವಲ್ಲ, ಇಬ್ಬರನ್ನು ಕಡಿಮೆ ಮಾಡೋಣ" ಎಂಬ ಮಾತು ಅವನ ವಿಭಾಗಕ್ಕೇ ಬೀಳುತ್ತದೆ.

ಎರಡನೆಯ ದಿನ ಆಪರೇಷನ್‌ನವರೂ ಮೇಂಟೆನೆನ್ಸ್‌ನವರೂ ಒಂದೇ ವೇದಿಕೆಯಲ್ಲಿ ಕೂರುವ ಗೋಷ್ಠಿ. ಇವರದು ಅತ್ತೆ ಸೊಸೆ ಸಂಬಂಧ. ಒಣ ಪಂಪು ಓಡಿಸಿದಿರಿ ಎಂದು ಮೇಂಟೆನೆನ್ಸ್‌ನವರು, ಸೀಲು ನೆಟ್ಟಗೆ ಕೂರಿಸಲಿಲ್ಲ ಎಂದು ಆಪರೇಷನ್‌ನವರು. ನಡುವೆ ಒಬ್ಬರು ಜಪಾನಿನ ಸೆಯ್‌ಇಚಿ ನಕಾಜಿಮಾ ಅವರ ಹೆಸರೆತ್ತುತ್ತಾರೆ. ಯಂತ್ರ ಓಡಿಸುವವನೇ ಅದನ್ನು ಒರೆಸಿ, ಎಣ್ಣೆ ಬಿಟ್ಟು, ಬೋಲ್ಟು ಬಿಗಿ ಮಾಡಲಿ ಎಂಬುದು ಅವರು ಬೆಳೆಸಿದ ಟಿಪಿಎಂ ಪದ್ಧತಿಯ ಜೀವಾಳ. ನಿಪ್ಪಾನ್‌ಡೆನ್ಸೊ ಕಾರ್ಖಾನೆ 1971ರಲ್ಲಿ ಇದಕ್ಕಾಗಿಯೇ ಬಹುಮಾನ ಪಡೆಯಿತು. ಒರೆಸುವಾಗಲೇ ಸೋರಿಕೆ, ಬಿರುಕು ಕಣ್ಣಿಗೆ ಬೀಳುತ್ತವೆ ಎಂದು ಟಿಪಿಎಂ ಹೇಳುತ್ತದೆ. ಆಯುಧಪೂಜೆಯ ಹಿಂದಿನ ದಿನ ನಮ್ಮ ಯಾವ ವರ್ಕ್‌ಶಾಪಿಗೆ ಬೇಕಾದರೂ ಹೋಗಿ ನೋಡಿ, ಅದೇ ನಡೆದಿರುತ್ತದೆ. ವರ್ಷವಿಡೀ ಜಿಡ್ಡಿನಡಿ ಮುಚ್ಚಿಹೋಗಿದ್ದ ಎಣ್ಣೆ ಸೋರಿಕೆ ಕುಂಕುಮ ಇಡಲು ಹೋದವನ ಬೆರಳಿಗೆ ಸಿಗುತ್ತದೆ. ತೊಂದರೆ ಏನೆಂದರೆ, ನಾವು ವರ್ಷಕ್ಕೊಂದೇ ಹಬ್ಬ ಮಾಡುತ್ತೇವೆ. ಬೇಕಿದ್ದರೆ ಆಡಿಟ್‌ನವರು ಬರುವ ವಾರವನ್ನೂ ಸೇರಿಸಿ ಎರಡು ಎನ್ನಿ. ಆಗ ನೆಲಕ್ಕೆ ಹಳದಿ ಗೆರೆಯೂ ಬೀಳುತ್ತದೆ.

ಹೊರಗೆ ಸ್ಟಾಲುಗಳು. ಬೇರಿಂಗಿಗೆ ಅಂಟಿಸುವ ಸೆನ್ಸರ್, ಮೊಬೈಲಿಗೆ ಬರುವ ಗ್ರಾಫು, ಕಂಪ್ಯೂಟರಿನೊಳಗೆ ಯಂತ್ರದ ಪಡಿಯಚ್ಚಾದ ಡಿಜಿಟಲ್ ಟ್ವಿನ್. ಮಾರುವವರು ಸುಳ್ಳು ಹೇಳುತ್ತಿಲ್ಲ. ಬೇರಿಂಗ್ ಹಾಳಾಗುವ ಮೊದಲು ವೈಬ್ರೇಷನ್ ಸಾಮಾನ್ಯವಾಗಿ ಸುಳಿವು ಕೊಡುತ್ತದೆ. ಸುಳಿವು ಬಂದಾಗ ಏನು ಮಾಡುತ್ತೇವೆ ಎಂಬುದಕ್ಕೆ ಸ್ಟಾಲಿಲ್ಲ. "ಅಲಾರಂ ಬಂತು ಸಾರ್, ಅಕ್ನಾಲೆಜ್ ಮಾಡಿದೆವು" ಎಂಬ ಮಾತನ್ನು ಕೇಳದ ಕಂಟ್ರೋಲ್ ರೂಮು ಇದ್ದರೆ ತೋರಿಸಿ.

ಕೊನೆಗೆ ಬಹುಮಾನ ವಿತರಣೆ. ಇಲ್ಲಿ ಮಾತ್ರ 'ಏನೂ ಆಗಲಿಲ್ಲ' ಎಂಬುದಕ್ಕೆ ಬೆಲೆ ಇದೆ, ಆದರೆ ಲೆಕ್ಕದಲ್ಲಿ. ಲೆಕ್ಕಕ್ಕೆ ಉಪಾಯಗಳೂ ಇವೆ. 'ಎ' ಪಂಪು ಕೆಟ್ಟಾಗ ಸ್ಟ್ಯಾಂಡ್‌ಬೈ 'ಬಿ' ಪಂಪು ಓಡಿದರೆ ಪ್ಲಾಂಟ್ ನಿಲ್ಲಲಿಲ್ಲವಲ್ಲ, ಅದು ಬ್ರೇಕ್‌ಡೌನ್ ಅಲ್ಲ ಎಂದು ಬರೆದರೆ ಎಂಟಿಬಿಎಫ್, ಅಂದರೆ ಒಮ್ಮೆ ಕೆಟ್ಟದ್ದು ಮತ್ತೆ ಕೆಡುವವರೆಗಿನ ಸರಾಸರಿ ಅವಧಿಯ ಅಂಕಿ, ಸರ್ರನೆ ಏರುತ್ತದೆ. ಇದರಲ್ಲಿ ನಗುವಂಥದ್ದೇನೂ ಇಲ್ಲ. 2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ತೈಲ ರಿಗ್ಗಿಗೆ ದೊಡ್ಡ ಅಧಿಕಾರಿಗಳು ಬಂದಿದ್ದರು. ಕೆಲಸ ತಪ್ಪಿಸುವಂಥ ಗಾಯ ಏಳು ವರ್ಷ ಯಾರಿಗೂ ಆಗಿಲ್ಲವೆಂದು ಶಹಬ್ಬಾಸ್ ಹೇಳುವುದೂ ಆ ಭೇಟಿಯ ಒಂದು ಕಾರಣವಾಗಿತ್ತು. ಅದೇ ರಾತ್ರಿ ಬಾವಿ ಸಿಡಿದು ಹನ್ನೊಂದು ಜನ ಸತ್ತರು. ಜಾರಿ ಬಿದ್ದವರ ಲೆಕ್ಕ ಅಚ್ಚುಕಟ್ಟಾಗಿತ್ತು. ಆ ಲೆಕ್ಕ ಬಾವಿಯೊಳಗಿನ ಒತ್ತಡದ ಬಗ್ಗೆ ಏನನ್ನೂ ಹೇಳುತ್ತಿರಲಿಲ್ಲ.

ಸಮ್ಮೇಳನವೇ ಬೇಡ ಎನ್ನುವಷ್ಟು ಕೆಟ್ಟವನಲ್ಲ ನಾನು. ಮೈಸೂರು ಪಾಕ್ ಚೆನ್ನಾಗಿಯೇ ಇರುತ್ತದೆ. ಸಂಘಟಕರಲ್ಲಿ ಒಂದೇ ಅರಿಕೆ: ಮುಂದಿನ ಸಲ ಯಾವ ಪ್ಲಾಂಟಿನ ಪಂಪು ಸದ್ದಿಲ್ಲದೆ ಓಡುತ್ತಿದೆಯೋ ಅಲ್ಲಿನ ಫಿಟ್ಟರನ್ನೂ ಆಪರೇಟರನ್ನೂ ಕರೆಸಿ, ಅರ್ಧ ಗಂಟೆ ಮೈಕು ಕೊಡಿ, ಕನ್ನಡದಲ್ಲೇ ಮಾತಾಡಲಿ. ಅವರನ್ನು ಊಟದ ಮುಂಚಿನ ಹೊತ್ತಿಗೆ ಮಾತ್ರ ಹಾಕಬೇಡಿ. ಆಗ ಯಾರೂ ಕೇಳಿಸಿಕೊಳ್ಳುವುದಿಲ್ಲ.