ಹೊಗೇನಕಲ್ಲಿನಿಂದ ಎಷ್ಟು ದೂರ? ಮೊಬೈಲ್ ವಾದಗಳ ಶಾಖಶಾಸ್ತ್ರಕ್ಕೆ ಒಂದು ಪ್ರವೇಶಿಕೆ

ಗೌತಮನ ನ್ಯಾಯಸೂತ್ರ ಮಾತಿನ ಜಟಾಪಟಿಯನ್ನು ಮೂರಾಗಿ ವಿಂಗಡಿಸುತ್ತದೆ. ಸತ್ಯ ತಿಳಿಯಲೆಂದು ಆಡಿದರೆ ವಾದ, ಗೆಲ್ಲಲೆಂದು ಆಡಿದರೆ ಜಲ್ಪ, ತನ್ನದೇನನ್ನೂ ನಿಲ್ಲಿಸದೆ ಎದುರಿನವನದ್ದನ್ನು ಕೆಡವಲೆಂದೇ ಆಡಿದರೆ ವಿತಂಡೆ. ಸೋಲುವ ದಾರಿಗಳನ್ನೂ ಎಣಿಸಿ ಅವಕ್ಕೆ ಇಪ್ಪತ್ತೆರಡು ನಿಗ್ರಹಸ್ಥಾನಗಳೆಂದು ಹೆಸರಿಟ್ಟಿದೆ. ಅವುಗಳಲ್ಲಿ ಅರ್ಥಾಂತರವೆಂದರೆ ಹಿಡಿದ ವಿಷಯ ಬಿಟ್ಟು ಇನ್ನೊಂದಕ್ಕೆ ಹಾರುವುದು. ಕಾವೇರಿಯ ಲೆಕ್ಕ ಕೇಳಿದವರಿಗೆ ‘ಮೊದಲು ನಿಮ್ಮೂರಿನ ರಸ್ತೆಗುಂಡಿ ಮುಚ್ಚಿ’ ಎಂದು ಉತ್ತರಿಸುವವರು ಇದನ್ನು ಗುರುಮುಖವಿಲ್ಲದೆಯೇ ಕಲಿತಿದ್ದಾರೆ. ವಿಕ್ಷೇಪವೆಂದರೆ ಬೇರೆ ಕೆಲಸದ ನೆಪ ಹೇಳಿ ಸಭೆಯಿಂದ ಏಳುವುದು. ‘ನಿನ್ನಂಥವನ ಜೊತೆ ಮಾತಾಡೋಕೆ ನನಗೆ ಟೈಮಿಲ್ಲ’ ಎಂದು ನಡುರಾತ್ರಿ ಒಂದೂವರೆಗೆ ಬರೆಯುವವನು ಬಿದ್ದಿರುವುದು ಇದೇ ಸ್ಥಾನದಲ್ಲಿ. ತನ್ನ ಪಕ್ಷವನ್ನೂ ಹೇಳದೆ ಎದುರಿನದನ್ನೂ ಖಂಡಿಸದೆ ಬಂದದ್ದನ್ನು ಬಂದ ಹಾಗೆಯೇ ಮುಂದೆ ದಾಟಿಸುವ ನಾಲ್ಕನೆಯ ಬಗೆ, ಅಂದರೆ ಫಾರ್ವರ್ಡು, ಗೌತಮನ ಕಣ್ಣಿಗೆ ಬೀಳಲಿಲ್ಲ. ಅದು ಕ್ಷಮ್ಯ. ಕ್ಷಮಿಸಲಾಗದ ಲೋಪ ಬೇರೆಯದು: ವಾದಿ, ಪ್ರತಿವಾದಿ, ಮಧ್ಯಸ್ಥ, ಈ ಮೂವರೂ ಒಂದೇ ಚಾವಡಿಯಲ್ಲಿ ಕೂತಿರುತ್ತಾರೆಂದು ಆ ಶಾಸ್ತ್ರ ನಂಬಿತ್ತು. ಅದರಲ್ಲಿ ಕಿಲೋಮೀಟರಿನ ಪ್ರಸ್ತಾಪವೇ ಇಲ್ಲ. ಆ ಕೊರತೆಯನ್ನು ತುಂಬಲು ಇಲ್ಲೊಂದು ಸೂತ್ರವನ್ನು ಮಂಡಿಸಲಾಗಿದೆ: ಭಾಷೆ, ರಾಜಕೀಯ, ತಂತ್ರಜ್ಞಾನ ಕುರಿತ ಮೊಬೈಲ್ ವಾದದ ಕಾವು, ವಾದಿಗೂ ವಾದವಸ್ತುವಿಗೂ ನಡುವಿನ ದೂರ ಹೆಚ್ಚಿದಷ್ಟೂ ಹೆಚ್ಚುತ್ತದೆ. ಒಲೆಯಿಂದ ದೂರ ಸರಿದಷ್ಟೂ ಬೆವರುವ ಈ ವಿದ್ಯಮಾನವನ್ನು ಭೌತಶಾಸ್ತ್ರ ಇನ್ನೂ ಗಮನಿಸಿಲ್ಲ.

ಕಾವನ್ನು ಅಳೆಯುವುದು ಹೇಗೆ ಎಂದು ಯಾರಾದರೂ ಕೇಳಬಹುದು. ಇಂಗ್ಲಿಷಿನಲ್ಲಿ ದೊಡ್ಡಕ್ಷರಗಳನ್ನು ಎಣಿಸಿದರೆ ಸಾಕು. ಕನ್ನಡಕ್ಕೂ ತಮಿಳಿಗೂ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವಿಲ್ಲ; ಕಿರುಚಬೇಕೆಂದರೆ ಇಂಗ್ಲಿಷಿಗೇ ಹೋಗಬೇಕು. ಹೀಗಾಗಿ ಕನ್ನಡ ದೊಡ್ಡದೋ ತಮಿಳು ದೊಡ್ಡದೋ ಎಂಬ ವಾದ ತಾರಕಕ್ಕೇರಿದಾಗ ಎರಡೂ ಕಡೆಯವರು ಇಂಗ್ಲಿಷಿನಲ್ಲಿರುತ್ತಾರೆ. ಮಾಪನದ ಸಮಸ್ಯೆ ಇಷ್ಟು ಸುಲಭವಾಗಿ ಬಗೆಹರಿಯಿತು.

ಪ್ರಯೋಗಶಾಲೆಗೆ ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳನ್ನು ಆರಿಸಿದ್ದು ಸುಮ್ಮನೆ ಅಲ್ಲ. ಭಾಷಾವಾದಕ್ಕೆ ಬೇಕಾದ ಇಂಧನವೆಲ್ಲ ಅಲ್ಲಿ ನೆಲದಲ್ಲೇ ಬಿದ್ದಿದೆ. ಧರ್ಮಪುರಿಯ ಹಳೆಯ ಹೆಸರು ತಗಡೂರು. ಕವಯಿತ್ರಿ ಔವ್ವೈಗೆ ನೆಲ್ಲಿಕಾಯಿ ಕೊಟ್ಟನೆಂದು ತಮಿಳರು ಇಂದಿಗೂ ಕೊಂಡಾಡುವ ಅದಿಯಮಾನ್ ಆಳಿದ್ದು ಅಲ್ಲಿಯೇ. ನೊಳಂಬ ದೊರೆ ಮಹೇಂದ್ರ 9ನೆಯ ಶತಮಾನದಲ್ಲಿ ಕನ್ನಡ ಶಾಸನ ಹಾಕಿಸಿದ್ದೂ ಅಲ್ಲಿಯೇ. 1792ರ ಶ್ರೀರಂಗಪಟ್ಟಣದ ಒಪ್ಪಂದದವರೆಗೆ ಬಾರಾಮಹಲು ಎಂದು ಕರೆಯುತ್ತಿದ್ದ ಈ ಸೀಮೆ ಟಿಪ್ಪುವಿನ ಮೈಸೂರಿಗೆ ಸೇರಿತ್ತು. ಆಮೇಲೆ ಅದು ಕಂಪನಿಯ ಸೇಲಂ ಜಿಲ್ಲೆಯಾಯಿತು. 1965ರಲ್ಲಿ ಧರ್ಮಪುರಿ, 2004ರಲ್ಲಿ ಕೃಷ್ಣಗಿರಿ ಹೀಗೆ ಒಂದರೊಳಗಿಂದ ಒಂದು ಹೊರಬಂದವು. ಇವತ್ತಿಗೂ ಸೇಲಮ್ಮಿನ ದೇವಾಂಗ ನೇಕಾರರ ಅನೇಕ ಮನೆಗಳಲ್ಲಿ ಕನ್ನಡವಿದೆ. ಆಚೆ ಬೀದಿಯಲ್ಲಿ ಸೌರಾಷ್ಟ್ರಿ, ಈಚೆ ಬೀದಿಯಲ್ಲಿ ತೆಲುಗು, ಅಂಗಡಿಯಲ್ಲಿ ತಮಿಳು. 2011ರ ಜನಗಣತಿಯಂತೆ ತಮಿಳುನಾಡಿನಲ್ಲಿ ಕನ್ನಡ ಮನೆಮಾತಿನವರು ನೂರಕ್ಕೆ 1.78. ಇಷ್ಟು ಸೀಮೆಎಣ್ಣೆ ಇರುವಲ್ಲಿ ಬೆಂಕಿಯೂ ದೊಡ್ಡದಾಗಿರಬೇಕಿತ್ತು. ಆದರೆ ಕನ್ನಡ ತಮಿಳಿನ ಜಗಳದಲ್ಲಿ ಕೇಳಿಬರುವ ದನಿಗಳು ಚೆನ್ನೈ, ಬೆಂಗಳೂರು ಮತ್ತು ಸಾಗರದಾಚೆಯವು. ಮನೆಯಲ್ಲಿ ಕನ್ನಡ ಆಡಿ ಶಾಲೆಯಲ್ಲಿ ತಮಿಳು ಅಕ್ಷರ ಮಾತ್ರ ಕಲಿತ ಸೇಲಮ್ಮಿನ ಹುಡುಗನ ದನಿ ಕೇಳುವುದಿಲ್ಲ. ಅವನು ಕನ್ನಡದಲ್ಲಿ ಬರೆಯಹೊರಟರೂ ತಮಿಳು ಲಿಪಿಯಲ್ಲಿ ‘ಕ’ ‘ಗ’ ಎರಡಕ್ಕೂ ಒಂದೇ ಅಕ್ಷರ. ಅದನ್ನು ಕಂಡ ಬೆಂಗಳೂರಿನವರು ತಮಿಳನೆಂದೂ ಚೆನ್ನೈಯವರು ತಮಿಳು ಬಾರದವನೆಂದೂ ಅವನನ್ನು ಬೈಯುತ್ತಾರೆ. ಈ ಒಂದು ವಿಷಯದಲ್ಲಿ ಎರಡೂ ರಾಜಧಾನಿಗಳಿಗೆ ಒಮ್ಮತ ಸಾಧ್ಯ.

ಸೂತ್ರಕ್ಕೆ ಮುಖ್ಯ ಸಾಕ್ಷಿ 2008ರದು. ಧರ್ಮಪುರಿ, ಕೃಷ್ಣಗಿರಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಅದನ್ನು ಕುಡಿದ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ವಯಸ್ಸಾದಂತೆ ಮೂಳೆ ಬಿರುಸಾಗಿ ಬೆನ್ನು ಬಾಗುತ್ತದೆ. ಕಾವೇರಿಯ ಹೊಗೇನಕಲ್ ಜಲಪಾತದ ಬಳಿಯಿಂದ ವರ್ಷಕ್ಕೆ 1.4 ಟಿಎಂಸಿ ನೀರೆತ್ತಿ ಈ ಊರುಗಳಿಗೆ ಕುಡಿಯಲು ಕೊಡುವ ಯೋಜನೆಗೆ ಕೇಂದ್ರದ ಸಮ್ಮುಖದಲ್ಲಿ 1998ರಲ್ಲೇ ಎರಡೂ ರಾಜ್ಯಗಳ ನಡುವೆ ತಿಳುವಳಿಕೆಯಾಗಿತ್ತು. ಜಪಾನಿನ ಸಾಲದ ಏರ್ಪಾಡೂ ಇತ್ತು. 2008ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆ ಆಗುತ್ತಲೂ ಕರ್ನಾಟಕದಲ್ಲಿ ಚುನಾವಣೆ ಹತ್ತಿರ ಬಂತು. ಮಾರ್ಚ್‌ನಲ್ಲಿ ಯಡಿಯೂರಪ್ಪನವರು ಹೊಗೇನಕಲ್ಲಿಗೇ ಹೋಗಿ ಬಂದರು. ಏಪ್ರಿಲ್‌ನಲ್ಲಿ ತಮಿಳು ಚಿತ್ರರಂಗ ಚೆನ್ನೈಯಲ್ಲಿ ಉಪವಾಸ ಕೂತಿತು. ಬೆಂಗಳೂರಿನಲ್ಲಿ ಕನ್ನಡ ಚಿತ್ರರಂಗ ಪ್ರತಿಭಟಿಸಿತು. ಚೆನ್ನೈಯಿಂದ ಹೊಗೇನಕಲ್ಲಿಗೆ ಮುನ್ನೂರು ಕಿಲೋಮೀಟರಿಗೂ ಮಿಗಿಲು. ಧರ್ಮಪುರಿ ಪಟ್ಟಣದಿಂದ ನಲವತ್ತೈದರ ಆಸುಪಾಸು. ಜಲಪಾತದ ಪಕ್ಕದಲ್ಲಿ ತೆಪ್ಪ ಹಾಕಿ, ಮೀನು ಹುರಿದು, ಪ್ರವಾಸಿಗರ ಮೈಗೆ ಎಣ್ಣೆ ತಿಕ್ಕಿ ಬದುಕುವವರಿಗೆ ಈ ಗಲಾಟೆಯಲ್ಲಿ ಆದದ್ದೆಂದರೆ ಗಿರಾಕಿ ಕಡಿಮೆಯಾದದ್ದು. ಕರುಣಾನಿಧಿಯವರು ಕರ್ನಾಟಕದ ಚುನಾವಣೆ ಮುಗಿಯುವವರೆಗೆ ಯೋಜನೆಯನ್ನು ತಡೆಹಿಡಿದರು. ಮುಂದೆ ಕೆಲಸ ನಡೆಯಿತು, 2013ರಲ್ಲಿ ಜಯಲಲಿತಾ ಉದ್ಘಾಟಿಸಿದರು. ನಲ್ಲಿಯಲ್ಲಿ ನೀರು ಬಂದ ದಿನ ಉಪವಾಸವೂ ಇಲ್ಲ, ಘೋಷಣೆಯೂ ಇಲ್ಲ. ಗಮನಿಸಿ, ಆ ಐದು ವರ್ಷಗಳಲ್ಲಿ ಫ್ಲೋರೈಡಿನ ಪ್ರಮಾಣ ಎಷ್ಟು, ಅದನ್ನು ಸೋಸುವುದು ಹೇಗೆ ಎಂಬ ಬಗ್ಗೆ ಯಾರೂ ಯಾರನ್ನೂ ಬೈದ ದಾಖಲೆಯಿಲ್ಲ. ವಾದವಸ್ತುವಿನ ಒಳಗೇ ಇರುವ ಸಂಗತಿಗೆ ದೂರ ಸೊನ್ನೆ. ಸೂತ್ರದ ಪ್ರಕಾರ ಕಾವೂ ಸೊನ್ನೆ.

ಎರಡನೆಯ ಸಾಕ್ಷಿ 2025ರದು. ಕನ್ನಡ ತಮಿಳಿನಿಂದ ಹುಟ್ಟಿತೆಂದು ಕಮಲ್ ಹಾಸನ್ ಮೇ ತಿಂಗಳಲ್ಲಿ ಚೆನ್ನೈಯಲ್ಲಿ ತಮ್ಮ ಚಿತ್ರವೊಂದರ ಸಮಾರಂಭದಲ್ಲಿ ಹೇಳಿದರು. ಆ ಚಿತ್ರ ಜೂನ್ 5ರಂದು ತಮಿಳುನಾಡಿನಲ್ಲಿ ತೆರೆಕಂಡಿತು, ಕರ್ನಾಟಕದಲ್ಲಿ ಕಾಣಲಿಲ್ಲ. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಎರಡೂ ಒಂದೇ ಮೂಲ ದ್ರಾವಿಡದ ಕವಲುಗಳು, ತಾಯಿಮಗಳಲ್ಲ, ಅಕ್ಕತಂಗಿಯರು ಎಂಬುದು ಕಾಲ್ಡ್‌ವೆಲ್ 1856ರಲ್ಲಿ ತೆರೆದ ದಾರಿಯಲ್ಲಿ ನಡೆದ ಭಾಷಾವಿಜ್ಞಾನಿಗಳಿಗೆ ಎಂದೋ ಇತ್ಯರ್ಥವಾದ ವಿಚಾರ. ಉತ್ತರ ಕಪಾಟಿನಲ್ಲಿದ್ದರೂ ವಾದ ಯಾಕೆ ನಿಲ್ಲಲಿಲ್ಲ? ಇಲ್ಲಿ ದೂರವೆಂದರೆ ಕಾಲದ ದೂರ. ವಾದವಸ್ತು ಎರಡು ಸಾವಿರ ವರ್ಷಕ್ಕೂ ಹಿಂದಿನದು, ಅದನ್ನು ಕಂಡವರು ಯಾರೂ ಉಳಿದಿಲ್ಲ, ಆದ್ದರಿಂದ ಎಲ್ಲರೂ ಪ್ರತ್ಯಕ್ಷದರ್ಶಿಗಳು. ಇದಕ್ಕೆ ಹೋಲಿಸಿದರೆ ಯೂನಿಕೋಡ್ ಎಷ್ಟೋ ಸಭ್ಯ: ತಮಿಳಿಗೆ ನೂರಿಪ್ಪತ್ತೆಂಟು ಮನೆ, ಕನ್ನಡಕ್ಕೆ ನೂರಿಪ್ಪತ್ತೆಂಟು ಮನೆ ಕೊಟ್ಟು, ನಡುವೆ ತೆಲುಗನ್ನು ಕೂರಿಸಿದೆ. ಹೊಸೂರಿನ ಕಡೆ ಓಡಾಡಿದವರಿಗೆ ಈ ಏರ್ಪಾಡಿನ ವಿವೇಕ ತಟ್ಟನೆ ಅರ್ಥವಾಗುತ್ತದೆ.

ಸೂತ್ರದ ಪರಮಾವಧಿಯನ್ನು ತೋರಿಸಿದ್ದು ಮಾತ್ರ ಯಂತ್ರ. 2021ರ ಜೂನಿನಲ್ಲಿ ಭಾರತದ ಅತಿ ಕುರೂಪ ಭಾಷೆ ಯಾವುದೆಂದು ಗೂಗಲ್ಲನ್ನು ಕೇಳಿದವರಿಗೆ ‘ಕನ್ನಡ’ ಎಂಬ ಉತ್ತರ ಬಂತು. ಎಲ್ಲೋ ಮೂಲೆಯಲ್ಲಿ ಯಾರೋ ಬರೆದ ಸಾಲನ್ನು ಯಂತ್ರ ಹೆಕ್ಕಿ ತೆಗೆದು ತೀರ್ಪಿನ ಜಾಗದಲ್ಲಿ ಇಟ್ಟಿತ್ತು. ಕರ್ನಾಟಕ ಸಿಡಿದೆದ್ದಿತು, ಸರ್ಕಾರ ಕಾನೂನು ಕ್ರಮದ ಮಾತಾಡಿತು, ಕಂಪನಿ ಉತ್ತರವನ್ನು ತೆಗೆದು ಕ್ಷಮೆ ಕೇಳಿತು. ಶಾಸ್ತ್ರದ ದೃಷ್ಟಿಯಿಂದ ಈ ಪ್ರಸಂಗ ಅಮೂಲ್ಯ. ಯಂತ್ರಕ್ಕೆ ಕಿವಿಯಿಲ್ಲ, ಅದು ಯಾವ ಭಾಷೆಯನ್ನೂ ಕೇಳಿಲ್ಲ. ವಾದವಸ್ತುವಿನಿಂದ ಅದರ ದೂರ ಅನಂತ. ಅದರ ಖಚಿತತೆಯೂ ಅನಂತವಾಗಿತ್ತು: ‘ಬಹುಶಃ’ ಇಲ್ಲ, ‘ಕೆಲವರ ಪ್ರಕಾರ’ ಇಲ್ಲ, ನೇರ ತೀರ್ಪು. ಮನುಷ್ಯರ ನಡುವಣ ಭಾಷಾವಾದಗಳಲ್ಲಿ ಕ್ಷಮಾಪಣೆ ಎಷ್ಟು ದುರ್ಲಭವೆಂದರೆ, ಯಂತ್ರದ ಯಜಮಾನರು ಕೇಳಿದ ಇದೊಂದು ಕ್ಷಮೆಯನ್ನು ಮಾದರಿಯಾಗಿ ಕಾಪಿಡಬೇಕು.

ಇನ್ನು ಪೂರ್ವಪಕ್ಷ. ಮೊದಲನೆಯ ಆಕ್ಷೇಪ ಇತಿಹಾಸದವರದ್ದು: ಈ ಸೀಮೆಯ ಮಣ್ಣಿನ ಮಕ್ಕಳೇ ಭಾಷೆಯ ಮಹಾಯುದ್ಧಗಳನ್ನು ಹೂಡಲಿಲ್ಲವೇ? ಹೂಡಿದರು. ರಾಜಾಜಿ ಹುಟ್ಟಿದ್ದು 1878ರಲ್ಲಿ, ಆಗಿನ ಸೇಲಂ ಜಿಲ್ಲೆಯ ತೊರಪಳ್ಳಿಯಲ್ಲಿ. ವಕೀಲಿಕೆ ಮಾಡಿದ್ದು, ಪುರಸಭೆಯ ಅಧ್ಯಕ್ಷರಾದದ್ದು ಸೇಲಮ್ಮಿನಲ್ಲಿ. ಮದರಾಸಿನ ಪ್ರಧಾನಿಯಾಗಿ ಶಾಲೆಗಳಿಗೆ ಹಿಂದಿಯನ್ನು ತಂದವರು ಅವರು. ಅದನ್ನು ಎದುರಿಸಿದ ದೊಡ್ಡ ದನಿ ಪಕ್ಕದ ಈರೋಡಿನ ಪೆರಿಯಾರ್, ಕನ್ನಡ ಮನೆಮಾತಿನ ಕುಟುಂಬದವರು. ಜಸ್ಟಿಸ್ ಪಕ್ಷ ದ್ರಾವಿಡರ್ ಕಳಗಂ ಆದದ್ದೂ 1944ರ ಸೇಲಂ ಸಮ್ಮೇಳನದಲ್ಲಿ. ಇಷ್ಟೆಲ್ಲ ಸಮೀಪದಲ್ಲಿ ಇಷ್ಟು ಕಾವು! ಆದರೆ ಒಳಹೊಕ್ಕು ನೋಡಿದರೆ ಸಾಕ್ಷಿ ಸೂತ್ರದ ಕಡೆಗೇ ವಾಲುತ್ತದೆ. ಹಿಂದಿ ತಂದ ರಾಜಾಜಿಯೇ 1960ರ ದಶಕದಲ್ಲಿ ಹಿಂದಿಯ ಹೇರಿಕೆಯನ್ನು ವಿರೋಧಿಸಿದರು. ತಮಿಳರಿಗಾಗಿ ಜೈಲಿಗೆ ಹೋದ ಪೆರಿಯಾರ್ ತಮಿಳನ್ನು ಕಾಡುಜನರ ಭಾಷೆಯೆಂದು ಮೂದಲಿಸಿದರು. ಅವರೇ ಅದರ ಅಕ್ಷರಗಳನ್ನು ಅಚ್ಚಿಗೆ ಒಗ್ಗುವಂತೆ ಸರಳಗೊಳಿಸಿ 1935ರಿಂದ ‘ಕುಡಿ ಅರಸು’ವಿನಲ್ಲಿ ಬಳಸಿದರು. ಆ ಸುಧಾರಣೆಯ ಬಹುಭಾಗವನ್ನು ಎಂಜಿಆರ್ ಸರ್ಕಾರ 1978ರಲ್ಲಿ ಒಪ್ಪಿಕೊಂಡಿತು. ಅಂದರೆ ಇವತ್ತು ಕನ್ನಡಿಗರನ್ನು ಬೈಯಲು ತಮಿಳಿನಲ್ಲಿ ಟೈಪು ಮಾಡುವವರ ಬೆರಳ ಕೆಳಗಿನ ಕೆಲವು ಅಕ್ಷರಗಳಿಗೆ ಈ ರೂಪ ಕೊಟ್ಟವರು ಕನ್ನಡ ಮನೆಮಾತಿನವರು. ಹತ್ತಿರವಿದ್ದವರಿಗೆ ಭಾಷೆ ತಿದ್ದಬಹುದಾದ, ಮನಸ್ಸು ಬದಲಿಸಬಹುದಾದ ವಸ್ತು. ದೂರದವರಿಗೆ ಅದು ಪೀಠದ ಮೇಲಿನ ವಿಗ್ರಹ. ರಾಜಾಜಿಯೂ ಪೆರಿಯಾರರೂ ದಶಕಗಳ ಕಾಲ ಪರಸ್ಪರ ಖಂಡಿಸಿದರು. 1972ರ ಡಿಸೆಂಬರಿನಲ್ಲಿ ರಾಜಾಜಿ ತೀರಿಕೊಂಡಾಗ ಪೆರಿಯಾರ್ ಅಂತ್ಯಕ್ರಿಯೆಗೆ ಹೋಗಿ ಅತ್ತರು. ಅವರಿಬ್ಬರ ಹೆಸರು ಹಿಡಿದು ಇವತ್ತು ಕಾದಾಡುವವರು ಈ ಒಂದು ಸಂಗತಿಯನ್ನು ಫಾರ್ವರ್ಡ್ ಮಾಡುವುದಿಲ್ಲ, ಯಾಕೆಂದರೆ ಇದು ಯಾವ ಕಡೆಗೂ ಉಪಯೋಗಕ್ಕೆ ಬರುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಚೂಪಾಗಿದೆ. 2018ರಲ್ಲಿ 277 ಕಿಲೋಮೀಟರಿನ ಸೇಲಂ–ಚೆನ್ನೈ ಎಂಟು ಪಥದ ಹೆದ್ದಾರಿಗೆಂದು ಹೊಲಗಳಲ್ಲಿ ಸರ್ವೆ ಕಲ್ಲು ನೆಟ್ಟಾಗ ಸೇಲಂ, ಧರ್ಮಪುರಿ ರೈತರು ಕಾವೇರಲಿಲ್ಲವೇ? ಕಾವೇರಿದರು, ನ್ಯಾಯವಾಗಿಯೇ. ಆದರೆ ಅವರ ಸಿಟ್ಟಿಗೆ ಕೀಳಲು ಎದುರಿಗೆ ಕಲ್ಲಿತ್ತು, ಹೋಗಲು ಹೈಕೋರ್ಟ್ ಇತ್ತು. 2019ರಲ್ಲಿ ಭೂಸ್ವಾಧೀನ ರದ್ದಾಗಿ, 2020ರಲ್ಲಿ ಸುಪ್ರೀಂ ಕೋರ್ಟ್ ಅಧಿಸೂಚನೆಯನ್ನು ಎತ್ತಿಹಿಡಿದು, ವಾದ ಒಂದೊಂದು ಮೆಟ್ಟಿಲು ಏರಿತು, ಇಳಿಯಿತು. ತಮಿಳು ಕಲಿಕೆಯನ್ನು ಕಡ್ಡಾಯ ಮಾಡಿದ 2006ರ ಕಾಯಿದೆಯ ವಿಷಯದಲ್ಲೂ ಹಾಗೆಯೇ: ಅದರ ಬಿಸಿ ತಟ್ಟಿದ ಭಾಷಾ ಅಲ್ಪಸಂಖ್ಯಾತರು ಅರ್ಜಿ ಬರೆದು ನ್ಯಾಯಾಲಯಕ್ಕೆ ಹೋದರು. ಹತ್ತಿರದವರ ಅಹವಾಲು ಅರ್ಜಿಯ ರೂಪ ಪಡೆಯುತ್ತದೆ. ಅದಕ್ಕೆ ದಿನಾಂಕ, ಸಹಿ, ಪ್ರತಿವಾದಿಯ ವಿಳಾಸ ಬೇಕಾಗುತ್ತದೆ. ಈ ಮೂರೂ ಇಲ್ಲದ ಕೋಪವನ್ನು ಮಾತ್ರ ಈ ಶಾಸ್ತ್ರ ಅಭ್ಯಸಿಸುತ್ತದೆ.

ಮೂರನೆಯ ಆಕ್ಷೇಪಕ್ಕೆ ಉತ್ತರಿಸುವಾಗ ಅಣಕದ ದನಿ ಒದಗುವುದಿಲ್ಲ. 2012ರ ನವೆಂಬರ್ 7ರಂದು ಧರ್ಮಪುರಿಯ ನಾಯಕ್ಕನ್‌ಕೊಟ್ಟೈ ಸಮೀಪ ಒಂದು ಅಂತರ್ಜಾತಿ ಮದುವೆಯ ನೆಪದಲ್ಲಿ ದಲಿತರ ಇನ್ನೂರಕ್ಕೂ ಹೆಚ್ಚು ಮನೆಗಳನ್ನು ಸುಟ್ಟರು. ಸುಟ್ಟವರು ದೂರದವರಲ್ಲ. ಹಾಗಾಗಿ ಈ ಸೀಮೆಯ ಜನ ಭಾಷೆಯ ಮಾತಿಗೆ ತಣ್ಣಗಿದ್ದಾರೆ ಎಂಬುದರಿಂದ ಅವರು ಸಾತ್ವಿಕರೆಂದು ಯಾರೂ ತೀರ್ಮಾನಿಸಬಾರದು. ನಾಳೆ ಒಂದೇ ಬಸ್ಸು ಹತ್ತಬೇಕೆಂಬ ಲೆಕ್ಕ ನಾಲಗೆಯನ್ನು ಹಿಡಿಯುತ್ತದೆ ಎಂದು ಈ ಸೂತ್ರ ನಂಬಿದೆ. ಜಾತಿ ಆ ಬಸ್ಸಿನೊಳಗೂ ದೂರವನ್ನು ಕಾಯ್ದಿಟ್ಟುಕೊಳ್ಳಬಲ್ಲದು, ಅದನ್ನು ಕಿಲೋಮೀಟರಿನಲ್ಲಿ ಅಳೆಯಲಾಗದು. ಸೂತ್ರ ಇಲ್ಲಿ ಕೆಲಸ ಮಾಡುವುದಿಲ್ಲ.

ಉಳಿದ ಕ್ಷೇತ್ರದಲ್ಲಿ ಅದನ್ನು ಆಚರಣೆಗೆ ತರುವ ಕ್ರಮ ಸರಳ. ಕಾವೇರಿ ಗಡಿ ದಾಟುವಲ್ಲಿ, ಹೊಗೇನಕಲ್ಲಿಗೆ ಸ್ವಲ್ಪ ಮೇಲಿನ ಬಿಳಿಗುಂಡ್ಲುವಿನಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ. 2018ರ ತೀರ್ಪಿನ 177.25 ಟಿಎಂಸಿ ಬಂತೋ ಇಲ್ಲವೋ ಎಂದು ಅಲ್ಲಿ ಲೆಕ್ಕ ಇಡುತ್ತಾರೆ. ಅದರ ಪಕ್ಕದಲ್ಲೇ ಮಾತಿನ ಮಾಪನ ಕೇಂದ್ರವೊಂದು ಬರಲಿ. ಕಾವೇರಿ, ಕನ್ನಡ, ತಮಿಳು ಈ ಮೂರರಲ್ಲಿ ಯಾವುದರ ಬಗ್ಗೆ ಬರೆದರೂ ಬರೆದವರು ಬಿಳಿಗುಂಡ್ಲುವಿನಿಂದ ಇರುವ ದೂರ ಮಾತಿನ ತುದಿಯಲ್ಲಿ ತಾನಾಗಿ ಮೂಡಲಿ, ಕಿಲೋಮೀಟರಿಗೆ ಒಂದು ಪೈಸೆಯಂತೆ ಸುಂಕ ಬೀಳಲಿ. ಪೆನ್ನಾಗರದವರಿಗೆ ಇದು ಹೆಚ್ಚುಕಡಿಮೆ ಬಿಟ್ಟಿ. ಮೆಟ್ಟೂರಿನವರು, ಸೇಲಮ್ಮಿನ ನೇಕಾರರು ಚಿಲ್ಲರೆಯಲ್ಲಿ ಮುಗಿಸಬಹುದು. ಚೆನ್ನೈ, ಬೆಂಗಳೂರಿನವರು ರೂಪಾಯಿಗಳಲ್ಲಿ ಲೆಕ್ಕ ಹಾಕಿ ಆಡಬೇಕು. ನ್ಯೂಜೆರ್ಸಿಯ ಅಣ್ಣಂದಿರಿಗೆ ತಮ್ಮ ಸಂಬಳವಿದೆ. ಬಂದ ಹಣ ಧರ್ಮಪುರಿಯ ಫ್ಲೋರೈಡ್ ಸೋಸುವ ಖಾತೆಗೆ. ಅಡಚಣೆ ಒಂದೇ. ಈಗ ಎಷ್ಟೋ ಜನ ತಮ್ಮ ಬೈಗುಳವನ್ನು ಕೃತಕ ಬುದ್ಧಿಮತ್ತೆಯಿಂದಲೇ ಬರೆಸುತ್ತಾರೆ. ಯಂತ್ರದ ದೂರ ಅನಂತವಾದ್ದರಿಂದ ಸುಂಕವೂ ಅನಂತವಾಗುತ್ತದೆ, ಅದನ್ನು ಯಾವ ರಾಜ್ಯ ವಸೂಲಿ ಮಾಡಬೇಕೆಂಬ ಬಗ್ಗೆ ಚೆನ್ನೈಗೂ ಬೆಂಗಳೂರಿಗೂ ಹೊಸ ನ್ಯಾಯಮಂಡಳಿ ಬೇಕಾಗಬಹುದು.